ಆ ಪುಟ ಬಿಡು, ಮಾಣಿ

ನಾನಿರುವ ಊರು ಇಂಗ್ಲೆಂಡಿನ ರೆಡಿಂಗ್. ಇಂಗ್ಲಿಷಿನಲ್ಲಿ ಬರೆದರೆ 'ಓದುವುದು' ಅನ್ನುವ ಪದದ ಸ್ಪೆಲ್ಲಿಂಗೇ ಅದಕ್ಕೂ. ಸಾಗರದ ಕಡೆಯ ಅಡಿಕೆ ತೋಟದವನೊಬ್ಬ 'ಓದು' ಅನ್ನೋ ಊರಿಗೆ ಹೋಗಿ ಸೇರಿಕೊಂಡ ಅಂತ ನಮ್ಮ ಭಾವ ಈಗಲೂ ರೇಗಿಸುತ್ತಾರೆ. ಆದರೆ ಓದಿನ ವಿಷಯದಲ್ಲಿ ಈ ಊರಿಗೂ ನಮ್ಮೂರಿಗೂ ಎಷ್ಟು ವ್ಯತ್ಯಾಸ ಅಂತ ತಿಳಿದದ್ದು ಮಗಳು ಇಲ್ಲಿ ಶಾಲೆಗೆ ಸೇರಿದ ಮೇಲೆ.

ಮೊದಲ ವಾರವೇ ಅವಳ ಚೀಲದಲ್ಲಿ ಒಂದು ತೆಳು ಪುಸ್ತಕ ಬಂತು. ಅದರ ಮೇಲೆ ಓದಿನ ಮಟ್ಟ ತೋರಿಸುವ ಗುಲಾಬಿ ಪಟ್ಟಿ. ಅದು ಮುಗಿದರೆ ಕೆಂಪು, ಆಮೇಲೆ ಹಳದಿ, ನೀಲಿ, ಹಸಿರು, ಕಿತ್ತಳೆ. ಹೀಗೆ ನೇರಳೆ, ಬಂಗಾರ, ಬಿಳಿ ದಾಟಿ ನಿಂಬೆ ಬಣ್ಣದವರೆಗೆ. ಪೇಂಟ್ ಅಂಗಡಿಯ ಕ್ಯಾಟಲಾಗ್ ಹಿಡಿದುಕೊಂಡ ಹಾಗೆ ನನಗೆ. ಬಣ್ಣಗಳು ಮುಗಿದ ಮೇಲೆ ಕಂಪ್ಯೂಟರ್ ಪರೀಕ್ಷೆ ಶುರುವಾಯಿತು. ಪುಸ್ತಕ ಓದಿ ಮುಗಿಸಿ ಕ್ವಿಜ್ ಮಾಡಬೇಕು, ಅಂಕ ಬರುತ್ತದೆ. ಒಂದು ದಿನ ಶಾಲೆಯಿಂದ ಚೀಟಿ ಬಂತು. ಮಗಳಿಗೆ ಆಗ ಒಂಬತ್ತು ವರ್ಷ. ಅವಳ 'ಓದಿನ ವಯಸ್ಸು' ಹನ್ನೊಂದು ವರ್ಷ ನಾಲ್ಕು ತಿಂಗಳು ಅಂತ ಬರೆದಿದ್ದರು. ಜಾತಕ ಬರೆಯುವವರೂ ಇಷ್ಟು ಸೂಕ್ಷ್ಮವಾಗಿ ತಿಂಗಳ ಲೆಕ್ಕ ಹಾಕುವುದಿಲ್ಲ.

ಅದೇ ಶಾಲೆಯಲ್ಲಿ ಇನ್ನೊಂದು ಸಲ ಅವಳು ಒಂದು ದಪ್ಪ ಪುಸ್ತಕ ಆರಿಸಿಕೊಂಡಾಗ, ಇದು ನಿನ್ನ ಮಟ್ಟದ್ದಲ್ಲ ಅಂತ ವಾಪಸ್ ಇಡಿಸಿದರು. ಅತ್ತುಕೊಂಡು ಬಂದಳು. ಸಮಾಧಾನ ಮಾಡುವಾಗ ಕೇಳಿದಳು: "ಅಪ್ಪಾ, ನೀನು ಚಿಕ್ಕೋನಿದ್ದಾಗ ನಿನ್ನ ಬಣ್ಣ ಯಾವುದಿತ್ತು?"

ಕಪ್ಪು, ಅಂದೆ. ತಮಾಷೆಗೆ ಹೇಳಿದ್ದಲ್ಲ.

ನಾನು ಪುಸ್ತಕ ಓದಲು ಕಲಿತದ್ದು ಅಡಿಕೆ ಸುಲಿಯುವ ಜಾಗದಲ್ಲಿ. ಕೊಯ್ಲಿನ ದಿನಗಳಲ್ಲಿ ಊಟ ಮುಗಿದ ಮೇಲೆ ಜಗಲಿಯಲ್ಲೂ ಚಪ್ಪರದ ಕೆಳಗೂ ಹತ್ತು ಹದಿನೈದು ಜನ ಮೆಟ್ಟುಗತ್ತಿ ಇಟ್ಟುಕೊಂಡು ಕೂರುತ್ತಿದ್ದರು. ಡಬ್ಬದ ಲೆಕ್ಕದಲ್ಲಿ ಸುಲಿಯಲು ಬಂದ ಹೆಂಗಸರು, ನಮ್ಮ ಮನೆಯವರು, ಪಕ್ಕದ ಮನೆಯವರು. ನಡುರಾತ್ರಿಯವರೆಗೆ ನಿದ್ದೆ ಬರದ ಹಾಗೆ ಏನಾದರೂ ಬೇಕಲ್ಲ. ನನ್ನ ಕೈ ಕತ್ತಿಗೆ ಚಿಕ್ಕದು, ಗಂಟಲು ಮಾತ್ರ ಗಟ್ಟಿ. ಹಾಗಾಗಿ ಓದುವ ಕೆಲಸ ನನ್ನ ಪಾಲಿಗೆ ಬಂತು. ಸುಧಾ, ತರಂಗದ ಧಾರಾವಾಹಿಗಳು, ಪತ್ತೇದಾರಿ ಕಾದಂಬರಿ, ಯಾರೋ ಮದುವೆ ಮನೆಯಿಂದ ಹೊತ್ತು ತಂದ ರಟ್ಟು ಹರಿದ ಪುಸ್ತಕ. ಒಂದು ರಾತ್ರಿ ಕೊಲೆ, ಮರುರಾತ್ರಿ ಅತ್ತೆ ಸೊಸೆ. ಕರೆಂಟ್ ಹೋದರೆ ಗ್ಯಾಸ್‌ಲೈಟ್ ಪಕ್ಕಕ್ಕೆ ನನ್ನನ್ನು ಎಳೆದು ಕೂರಿಸುತ್ತಿದ್ದರು. "ಅಲ್ಲೇ ನಿಲ್ಲಿಸಬೇಡ ಮಾರಾಯ, ಮುಂದೇನಾಯ್ತು?" ಅಂತ ಯಾರಾದರೂ ಪುಟ ತಿರುಗಿಸಲು ಬಂದರೆ ಅಂಚಿನಲ್ಲಿ ಕಪ್ಪು ಬೆರಳಚ್ಚು ಮೂಡುತ್ತಿತ್ತು. ಅಡಿಕೆ ಕಲೆ ತೊಳೆದರೆ ಹೋಗುವಂಥದ್ದಲ್ಲ.

ನನಗೆ ಹನ್ನೊಂದು ವರ್ಷವಾದಾಗ ಓದಿದ್ದು ಎಂ.ಕೆ. ಇಂದಿರಾ ಅವರ 'ಫಣಿಯಮ್ಮ'. 1976ರಲ್ಲಿ ಬಂದ ಕಾದಂಬರಿ, ನಮ್ಮ ಮನೆಗೆ ಬರುವ ಹೊತ್ತಿಗೆ ಹತ್ತು ವರ್ಷ ಹಳೆಯದಾಗಿತ್ತು. ಇಂದಿರಾ ತೀರ್ಥಹಳ್ಳಿಯವರು. 'ನಮ್ಮ ಕಡೆಯೋರು ಬರ್ದಿದ್ದು' ಅಂತ ಹೆಂಗಸರಿಗೆಲ್ಲ ಒಳಗೊಳಗೇ ಜಂಬ. ಕಥೆ ಬಾಲವಿಧವೆಯದು. ತಲೆ ಬೋಳಿಸುವ ಪ್ರಸಂಗ ಬಂತು. ಅತ್ತೆ ಕೈಯಲ್ಲಿದ್ದ ಅಡಿಕೆಯನ್ನು ಹಾಗೇ ಹಿಡಿದು, "ಆ ಪುಟ ಬಿಡು, ಮಾಣಿ" ಅಂದರು.

ಹನ್ನೊಂದರ ಹುಡುಗನಿಗೆ ಅಷ್ಟು ಸಾಲದೇ? ನನಗೆ ಕೂಡದ್ದು ಏನೋ ಅದರಲ್ಲಿದೆ ಅಂದುಕೊಂಡೆ. ಮರುದಿನ ಬಚ್ಚಲ ಒಲೆಗೆ ಬೆಂಕಿ ಹಾಕುವ ನೆಪದಲ್ಲಿ ಹೋಗಿ ಅದೇ ಪುಟ ತೆಗೆದು ಓದಿದೆ. ನನಗೆ ಕೂಡದ್ದು ಏನೂ ಕಾಣಲಿಲ್ಲ. ಆಮೇಲೆ ಹೊಳೆಯಿತು. ಜಗಲಿಯ ತುದಿಯಲ್ಲಿ, ಎಲ್ಲರಿಂದ ಸ್ವಲ್ಪ ದೂರ, ಕೆಂಪು ಸೀರೆಯ ಸೆರಗನ್ನು ತಲೆ ತುಂಬ ಹೊದ್ದು ದೊಡ್ಡಜ್ಜಿ ಕೂತಿರುತ್ತಿದ್ದರು. ಅತ್ತೆ ಆ ಪುಟ ಬಿಡಿಸಿದ್ದು ಹನ್ನೊಂದು ವರ್ಷದವನಿಗಾಗಿ ಅಲ್ಲ, ಎಂಬತ್ತರ ಹತ್ತಿರದವರಿಗಾಗಿ.

ಎರಡು ರಾತ್ರಿ ಕಳೆಯಿತು. ಮೂರನೆಯ ರಾತ್ರಿ ದೊಡ್ಡಜ್ಜಿಯೇ ಬಾಯಿ ಬಿಟ್ಟರು. "ಅವತ್ತು ಬಿಟ್ಟಿದ್ದು ಓದು. ನಂಗೆ ಗೊತ್ತಿಲ್ದೇ ಇರೋದು ಏನಿದೆ ನೋಡಾಣ." ಓದಿದೆ. ಯಾರೂ ಮಾತಾಡಲಿಲ್ಲ, ಮೆಟ್ಟುಗತ್ತಿಗೆ ಅಡಿಕೆ ತಾಗುವ ಸದ್ದು ಮಾತ್ರ. ಮುಗಿದ ಮೇಲೆ ಅವರು ಹೇಳಿದ್ದು ಇಷ್ಟೇ: "ಕತ್ತಿ ತಣ್ಣಗಿರತ್ತೆ, ಮಾಣಿ." ಮತ್ತೆ ಇನ್ನೊಂದು ಅಡಿಕೆ ಎತ್ತಿಕೊಂಡರು.

ಈ ಕಥೆಯನ್ನು ಇಲ್ಲಿನ ಗೆಳೆಯರಿಗೆ ಎಷ್ಟೋ ಸಲ ಹೇಳಿದ್ದೇನೆ. ಹೇಳುವಾಗೆಲ್ಲ ಕೊನೆಗೆ ಒಂದು ಬಾಲ ಸೇರಿಸುತ್ತಿದ್ದೆ: ನೋಡಿ, ನಮ್ಮಲ್ಲಿ ಪುಸ್ತಕಕ್ಕೆ ವಯಸ್ಸಿಲ್ಲ, ಬಣ್ಣವಿಲ್ಲ, ಕೈಗೆ ಸಿಕ್ಕಿದ್ದನ್ನು ಓದಿ ಬೆಳೆದೆವು ಅಂತ. ಇಲ್ಲಿನವರಿಗೂ ಈ ಮಾತು ಇಷ್ಟ. 2008ರಲ್ಲಿ ಬ್ರಿಟಿಷ್ ಪ್ರಕಾಶಕರು ಮಕ್ಕಳ ಪುಸ್ತಕಗಳ ರಕ್ಷಾಪುಟದಲ್ಲಿ 5+, 7+, 9+ ಅಂತ ವಯಸ್ಸು ಅಚ್ಚು ಹಾಕಲು ಹೊರಟಾಗ ಲೇಖಕರೇ ತಿರುಗಿಬಿದ್ದಿದ್ದರು. ಫಿಲಿಪ್ ಪುಲ್‌ಮನ್ ಮುಂದೆ ನಿಂತಿದ್ದರು. ನಿಧಾನವಾಗಿ ಓದುವ ಹನ್ನೆರಡರ ಹುಡುಗ 7+ ಅಂತ ಬರೆದ ಪುಸ್ತಕ ಹಿಡಿದು ಬಸ್ಸಿನಲ್ಲಿ ಕೂರುತ್ತಾನಾ? ಅದು ಅವರ ಪ್ರಶ್ನೆಯ ತಿರುಳು. ಸರಿಯಾದ ಪ್ರಶ್ನೆ.

ಆದರೆ ನನ್ನ ಬಾಲವನ್ನು ಈಚೆಗೆ ನಾನೇ ಕತ್ತರಿಸಿದ್ದೇನೆ. ಯಾಕೆಂದರೆ ಅದು ಅರ್ಧ ಸುಳ್ಳು.

ಅಡಿಕೆ ಸುಲಿಯಲು ಬರುತ್ತಿದ್ದವರಲ್ಲಿ ಒಬ್ಬರ ಮಗ ನನ್ನ ಕ್ಲಾಸಿನವನೇ. ಅಮ್ಮನ ಪಕ್ಕ ಗೋಣಿಯ ಮೇಲೆ ಕೂತು ಎಲ್ಲ ಕಥೆಯನ್ನೂ ನನ್ನಷ್ಟೇ ಕೇಳುತ್ತಿದ್ದ. ನಿಜ ಹೇಳಬೇಕೆಂದರೆ ನನಗಿಂತ ಚೆನ್ನಾಗಿ ನೆನಪಿಟ್ಟುಕೊಳ್ಳುತ್ತಿದ್ದ. ಹಿಂದಿನ ವಾರ ಕಥೆ ಎಲ್ಲಿಗೆ ನಿಂತಿತ್ತು ಅಂತ ಅವನನ್ನೇ ಕೇಳುತ್ತಿದ್ದರು. ಬೆಳಗಾದರೆ ನಾನು ಅಟ್ಟ ಹತ್ತಿ ಇಡೀ ಪುಸ್ತಕ ಮುಗಿಸುತ್ತಿದ್ದೆ. ಅವನು ಜಗಲಿ ದಾಟಿ ಒಳಗೆ ಬರುವ ಹಾಗಿರಲಿಲ್ಲ. ಯಾಕೆ ಅಂತ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅವನಿಗೆ ಕೇಳಲು ಸಿಕ್ಕಿತು, ಓದಲು ಸಿಗಲಿಲ್ಲ. ಇಲ್ಲಿ ಚೀಟಿಯನ್ನು ಪುಸ್ತಕಕ್ಕೆ ಅಂಟಿಸುತ್ತಾರೆ. ನಮ್ಮಲ್ಲಿ ಹುಡುಗರಿಗೇ ಅಂಟಿಸಿದ್ದೆವು, ಅದನ್ನು ನಾನು 'ಬಣ್ಣವಿಲ್ಲ' ಅಂತ ಕರೆಯುತ್ತಿದ್ದೆ.

ಇಲ್ಲಿನ ಬಡಾವಣೆಯ ಲೈಬ್ರರಿಗೆ ಹೋದರೆ ಯಾರ ಮಗು ಅಂತ ಕೇಳುವುದಿಲ್ಲ. ಕಾರ್ಡು ಸಿಗುತ್ತದೆ, ಕೈ ತುಂಬ ಪುಸ್ತಕ ಸಿಗುತ್ತದೆ. ಬೇಸಿಗೆ ರಜೆಯಲ್ಲಿ ಆರು ಪುಸ್ತಕ ಓದುವ ಸವಾಲು ಕೊಡುತ್ತಾರೆ, 1999ರಿಂದ ನಡೆದು ಬಂದದ್ದು ಅದು. ಮನೆಯಲ್ಲಿ ಒಂದೂ ಪುಸ್ತಕವಿಲ್ಲದ ಮಗುವಿಗೆ, ಇಂಗ್ಲಿಷ್ ಬಾರದ ಅಪ್ಪ ಅಮ್ಮನ ಮಗುವಿಗೆ ಆ ಬಣ್ಣದ ಪಟ್ಟಿ 'ಇದು ನಿನ್ನದು, ತಗೋ' ಅನ್ನುತ್ತದೆ. ನನ್ನಂಥವನಿಗೆ ಬೇಲಿಯಾಗಿ ಕಾಣುವುದು ಅಂಥ ಮಗುವಿಗೆ ಬಾಗಿಲು. ಮಗಳನ್ನು ಅಳಿಸಿದ ಆ ಶಾಲೆಯ ಮೇಲಿನ ಸಿಟ್ಟು ಇದರಿಂದ ಇಳಿದಿಲ್ಲ, ಆ ಮಾತು ಬೇರೆ.

ಕಾನೂನಿನ ಲೆಕ್ಕದಲ್ಲಿ ನಾವೇನೂ ಹಿಂದೆ ಇರಲಿಲ್ಲ. ಇಲ್ಲಿನ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1964ರದು, ಕರ್ನಾಟಕದ್ದು 1965ರದು. ಮನೆ ಕಂದಾಯದ ಜೊತೆ ರೂಪಾಯಿಗೆ ಆರು ಪೈಸೆ ಗ್ರಂಥಾಲಯ ಕರ ಕಟ್ಟುತ್ತೇವೆ. ಎಷ್ಟು ಜನ ಆ ರಸೀದಿ ಓದಿದ್ದಾರೋ! ಆದರೆ ನಾನು ಚಿಕ್ಕವನಿದ್ದಾಗ ನೋಡಿದ ಲೈಬ್ರರಿಯಲ್ಲಿ ಪುಸ್ತಕಗಳು ಗಾಜಿನ ಬೀರುವಿನ ಒಳಗೆ, ಬೀಗದ ಕೈ ಇನ್ನೊಬ್ಬರ ಹತ್ತಿರ, ಅವರು ಪೇಟೆಗೆ ಹೋಗಿದ್ದಾರೆ. ಹುಡುಗರಿಗೆ ದಿನಪತ್ರಿಕೆಯ ಮೇಜೇ ಗತಿ. ಈಗ ಸ್ವಲ್ಪ ಬದಲಾಗಿದೆ. 2020ರಲ್ಲಿ 'ಓದುವ ಬೆಳಕು' ಅಂತ ಹಳ್ಳಿ ಮಕ್ಕಳನ್ನು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಉಚಿತವಾಗಿ ಸೇರಿಸಿಕೊಳ್ಳುವ ಕೆಲಸ ಶುರುವಾಯಿತು. ಗ್ರಂಥಾಲಯಗಳ ಹೆಸರೂ 'ಅರಿವು ಕೇಂದ್ರ' ಆಗಿದೆ. ಹೋದ ಸಲ ಊರಿಗೆ ಹೋದಾಗ ಇಣುಕಿದೆ. ಬೀರುವಿಗೆ ಬೀಗ ಇರಲಿಲ್ಲ. ನೆಲದ ಮೇಲೆ ಇಬ್ಬರು ಹುಡುಗಿಯರು ಕೇರಂ ಆಡುತ್ತಿದ್ದರು, ಒಬ್ಬಳು ಬೋರ್ಲು ಮಲಗಿ ಓದುತ್ತಿದ್ದಳು. ನನಗೆ ಅಷ್ಟು ಸಾಕಾಯಿತು.

ಬಗೆಗಳ ವಿಷಯಕ್ಕೆ ಬಂದರೆ ನಮ್ಮದೇ ಒಂದು ಚಂದ. ಇಲ್ಲಿ ಪತ್ತೇದಾರಿ ಬೇರೆ ಕಪಾಟು, ಪ್ರೇಮ ಬೇರೆ, ವಿಜ್ಞಾನ ಬೇರೆ. ನಮ್ಮ ಹಳೆಯ ಪುಸ್ತಕಗಳ ಮೊದಲ ಪುಟದಲ್ಲೂ 'ಸಾಮಾಜಿಕ ಕಾದಂಬರಿ', 'ಐತಿಹಾಸಿಕ ಕಾದಂಬರಿ' ಅಂತ ಅಚ್ಚಾಗಿರುತ್ತಿತ್ತು, ನಿಜ. ಸಾಮಾಜಿಕ ಅಂದರೆ ಯಾರಾದರೂ ಅಳುತ್ತಾರೆ, ಐತಿಹಾಸಿಕ ಅಂದರೆ ಯಾರಾದರೂ ಸಾಯುತ್ತಾರೆ ಅನ್ನುವುದು ನನ್ನ ಆಗಿನ ತಿಳಿವಳಿಕೆ. ಆದರೆ ಅಂಗಡಿಗೆ ಹೋಗಿ ಯಾರೂ 'ಒಂದು ಸಾಮಾಜಿಕ ಕೊಡಿ' ಅನ್ನುವುದಿಲ್ಲ. 'ಭೈರಪ್ಪ ಇದೆಯಾ', 'ತೇಜಸ್ವಿ ಇದೆಯಾ' ಅನ್ನುತ್ತೇವೆ. ತೇಜಸ್ವಿಯವರ 'ಕರ್ವಾಲೊ' (1980) ಇಲ್ಲಿನ ಲೈಬ್ರರಿಯಲ್ಲಿದ್ದಿದ್ದರೆ ಪಾಪ ಎಲ್ಲಿ ಇಡುತ್ತಿದ್ದರು? ಜೇನು ಹಿಡಿಯುವ ಮಂದಣ್ಣ, ಕಿವಿ ಅನ್ನುವ ನಾಯಿ, ಒಬ್ಬ ವಿಜ್ಞಾನಿ, ಹಾರುವ ಓತಿಯ ಬೆನ್ನು ಹತ್ತಿ ಕಾಡಿಗೆ ಹೊರಟ ಗುಂಪು. ಸಾಹಸವೋ, ವಿಜ್ಞಾನವೋ, ನಗೆಬರಹವೋ? ಹತ್ತರವರಿಗೋ ಎಪ್ಪತ್ತರವರಿಗೋ?

ಆದರೆ ಎಲ್ಲ ಭಾರವನ್ನೂ ತೇಜಸ್ವಿಯೊಬ್ಬರ ಮೇಲೆ ಹಾಕಿ ಕೂತಿದ್ದೇವೆ ಅನ್ನುವುದು ನನ್ನ ದೂರು. ಶಿವಮೊಗ್ಗದ ಒಂದು ಪುಸ್ತಕದಂಗಡಿಯಲ್ಲಿ "ಹತ್ತು ವರ್ಷದವಳಿಗೆ ಏನಾದ್ರೂ ಕೊಡಿ" ಅಂದೆ. ಪಂಚತಂತ್ರ, ತೆನಾಲಿ ರಾಮ, ಮಹಾಪುರುಷರ ಜೀವನಚರಿತ್ರೆ ಬಂತು. "ಇನ್ನೂ ಸ್ವಲ್ಪ ದೊಡ್ಡದು?" ಅಂದರೆ ನೇರ 'ಮಲೆಗಳಲ್ಲಿ ಮದುಮಗಳು'! ಮಧ್ಯದ ಮೆಟ್ಟಿಲು ಕಾಣಲಿಲ್ಲ. ಹಾಗಂತ ಆ ಮೆಟ್ಟಿಲನ್ನು ಯಾರೂ ಕಟ್ಟಲೇ ಇಲ್ಲ ಅಂತಲ್ಲ. ಕಾರಂತರು ಮಕ್ಕಳಿಗಾಗಿ 'ಬಾಲ ಪ್ರಪಂಚ' ಬರೆದರು. ನಿರಂಜನರ ಸಂಪಾದಕತ್ವದಲ್ಲಿ ಕಿರಿಯರ ವಿಶ್ವಕೋಶ 'ಜ್ಞಾನಗಂಗೋತ್ರಿ' ಏಳು ಸಂಪುಟ ಬಂತು. ನಮ್ಮ ಸಾಗರದ ನಾ. ಡಿಸೋಜ ಅವರು ಶರಾವತಿಯಲ್ಲಿ ಮುಳುಗಿದ ಊರುಗಳ ಕಥೆಯನ್ನು ದೊಡ್ಡವರಿಗೂ ಬರೆದರು, ಮಕ್ಕಳಿಗೂ ಬರೆದರು. 2011ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರವೂ ಅವರಿಗೆ ಬಂತು. ಆ ಪುಸ್ತಕಗಳು ಅಂಗಡಿಯಲ್ಲೂ ಇರಬಹುದು. ಎಲ್ಲಿವೆ ಅಂತ ಹೇಳಲು ಒಂದು ಹಲಗೆ ಬೇಡವೇ? 'ಹತ್ತರಿಂದ ಹದಿನಾಲ್ಕು' ಅಂತ ಬರೆದು ಹಾಕಿದರೆ ಏನು ಗಂಟು ಹೋಗುತ್ತದೆ?

ಹೀಗೆ ಹಲಗೆ ಕೇಳುವ ಹಂತಕ್ಕೆ ನಾನು ಬಂದದ್ದು ಮಗಳಿಂದಲೇ. ಇಂಗ್ಲಿಷಿನಲ್ಲಿ ಹನ್ನೊಂದು ವರ್ಷ ನಾಲ್ಕು ತಿಂಗಳಾದವಳು ಕನ್ನಡದಲ್ಲಿ ಐದು ವರ್ಷದವಳು. ಕಾಗುಣಿತ ಗೊತ್ತು, ಒತ್ತಕ್ಷರ ಬಂದರೆ ಎಡವುತ್ತಾಳೆ. ಅವಳಿಗೆ ಓದಲು ಆಗುವಂಥದ್ದು ಪುಟ್ಟ ಮಕ್ಕಳ ಕಥೆ, ಅದು ಅವಳಿಗೆ ಅವಮಾನ. ಅವಳಿಗೆ ಬೇಕಾಗಿದ್ದು ದೊಡ್ಡ ಕಥೆ, ಅದು ಅವಳಿಗೆ ಕಷ್ಟ. ಹಾಗಾಗಿ ಬಣ್ಣದ ಪಟ್ಟಿಯನ್ನು ಆಡಿಕೊಂಡು ನಕ್ಕ ನಾನು ರಾತ್ರಿ ಕೂತು ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಎರಡನೇ ಹಂತದ ಪುಸ್ತಕ ಯಾವುದು, ಮೂರನೆಯದು ಯಾವುದು ಅಂತ ಹುಡುಕತೊಡಗಿದೆ. ಅಲ್ಲಿ ನಾಲ್ಕು ಹಂತ ಮಾಡಿಟ್ಟಿದ್ದಾರೆ, ಪುಕ್ಕಟೆಯಾಗಿ ಓದಬಹುದು. ಎಷ್ಟು ಉಪಕಾರವಾಯಿತು ಅಂದರೆ, ಬಾಯಿ ಮುಚ್ಚಿಕೊಂಡು ಒಪ್ಪಿಕೊಂಡೆ.

ಕಥೆಯ ಹಸಿವಿಗೆ ಬೇರೆ ದಾರಿ ಹಿಡಿದೆವು. ಶನಿವಾರ ನಮಗೆ ಬೆಳಗ್ಗೆ, ಊರಲ್ಲಿ ಮಧ್ಯಾಹ್ನ. ವಾಟ್ಸಾಪ್ ವಿಡಿಯೋದಲ್ಲಿ ಅಮ್ಮ 'ಕರ್ವಾಲೊ' ಓದುತ್ತಾರೆ, ಇಲ್ಲಿ ಮಗಳು ಇನ್ನೊಂದು ಪ್ರತಿ ಮಡಿಲಲ್ಲಿಟ್ಟುಕೊಂಡು ಕೇಳುತ್ತಾಳೆ. ಅಮ್ಮನಿಗೆ ಎಪ್ಪತ್ತಾರು. ಮಳೆಗಾಲದಲ್ಲಿ ಹೆಂಚಿನ ಸದ್ದಿಗೆ ಅರ್ಧ ಕಥೆ ಕೇಳಿಸುವುದೇ ಇಲ್ಲ, ನೆಟ್‌ವರ್ಕ್ ಹೋದರೆ ಮಂದಣ್ಣ ಬಾಯಿ ತೆರೆದಲ್ಲಿಗೆ ನಿಂತುಬಿಡುತ್ತಾನೆ. ನಾಯಿಗೆ ಕಿವಿ ಅಂತ ಹೆಸರಿಟ್ಟಿದ್ದಕ್ಕೆ ಮಗಳು ಒಂದು ವಾರ ನಕ್ಕಳು.

ಹೋದ ತಿಂಗಳು ಅಮ್ಮ ಒಂದು ಕಡೆ ತಡೆದರು. ಕನ್ನಡಕ ಸರಿ ಮಾಡಿಕೊಂಡು, "ಇಲ್ಲೊಂದೆರಡು ಸಾಲು ಬಿಡ್ತೀನಿ ಪುಟ್ಟಿ" ಅಂದರು. ಏನೋ ಬೈಗುಳ ಇತ್ತಂತೆ. ಮಗಳು ಏನೂ ಹೇಳಲಿಲ್ಲ. ಪುಟದ ಮೂಲೆ ಮಡಚಿಟ್ಟದ್ದು ಮಾತ್ರ ನನಗೆ ಕಂಡಿತು.

ಮಧ್ಯಾಹ್ನ ಅಡುಗೆಮನೆಯಲ್ಲಿ ನನ್ನ ಹತ್ತಿರ ಬಂದಳು. ಪುಸ್ತಕ ತೆರೆದಿತ್ತು, ಬೆರಳು ಒಂದು ಒತ್ತಕ್ಷರದ ಮೇಲಿತ್ತು.

"ಅಪ್ಪಾ, ಇದನ್ನ ಹೆಂಗೆ ಓದೋದು?"