ಟಿಬಿ ಚಿಕಿತ್ಸೆ ಬಗ್ಗೆ ಓಡಾಡುತ್ತಿರುವ ಸಂದೇಶ: ಸ್ಪಷ್ಟನೆ

ಕೋಲಾರ, ಮುಳಬಾಗಿಲು ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ. ‘ಮಾಮೂಲಿ ಮಾತ್ರೆಗೆ ಬಗ್ಗದ ಟಿಬಿಗೆ ಎರಡು ವರ್ಷ ಇಂಜೆಕ್ಷನ್, ಲಕ್ಷಗಟ್ಟಲೆ ಖರ್ಚು. ಸರ್ಕಾರ ಕೊಡುವುದು ಒಂದೇ ಸಲ 500 ರೂಪಾಯಿ’ ಅಂತ. ಎರಡೂ ತಪ್ಪು.

ಇಂಥ ಟಿಬಿಗೆ ಮೊದಲು 20 ತಿಂಗಳವರೆಗೂ ಚಿಕಿತ್ಸೆ ಬೇಕಾಗುತ್ತಿತ್ತು, ನಿಜ. ಆದರೆ 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಹೊಸ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿದೆ. ಬೆಡಾಕ್ವಿಲಿನ್, ಪ್ರೆಟೊಮ್ಯಾನಿಡ್, ಲಿನೆಜೋಲಿಡ್, ಮಾಕ್ಸಿಫ್ಲಾಕ್ಸಾಸಿನ್, ಈ ನಾಲ್ಕೂ ಮಾತ್ರೆಗಳೇ. ಸುಮಾರು ಆರು ತಿಂಗಳ ಕೋರ್ಸ್. ಇಂಜೆಕ್ಷನ್ ಇಲ್ಲ. ಇದು ಎಲ್ಲರಿಗೂ ಹೊಂದುವುದಿಲ್ಲ. ಉದಾಹರಣೆಗೆ, ಗರ್ಭಿಣಿಯರಿಗೆ ಕೊಡುವುದಿಲ್ಲ. ಪರೀಕ್ಷೆ ಮಾಡಿ ವೈದ್ಯರೇ ತೀರ್ಮಾನಿಸುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಟಿಬಿ ಔಷಧಿ ಉಚಿತ.

ದುಡ್ಡಿನ ವಿಷಯ. ಟಿಬಿ ರೋಗಿಗಳ ಪೌಷ್ಟಿಕ ಆಹಾರಕ್ಕೆ ಸರ್ಕಾರ ದುಡ್ಡು ಕೊಡುವ ನಿಕ್ಷಯ್ ಪೋಷಣ್ ಯೋಜನೆ 2018ರಲ್ಲಿ ಶುರುವಾದಾಗ ತಿಂಗಳಿಗೆ 500 ರೂಪಾಯಿ ಇತ್ತು. ತಿಂಗಳಿಗೆ, ಒಂದೇ ಸಲ ಅಲ್ಲ! 2024ರ ನವೆಂಬರ್‌ನಿಂದ ಅದು 1000 ರೂಪಾಯಿ. ಚಿಕಿತ್ಸೆ ನಡೆಯುವಷ್ಟು ಕಾಲ ನೇರ ಬ್ಯಾಂಕ್ ಖಾತೆಗೆ ಬರುತ್ತದೆ. ಖಾಸಗಿ ವೈದ್ಯರ ಹತ್ತಿರ ತೋರಿಸುವವರಿಗೂ ಸಿಗುತ್ತದೆ, ಆದರೆ ಟಿಬಿ ರೋಗಿಗಳ ವಿವರ ದಾಖಲಿಸುವ ಸರ್ಕಾರಿ ಪೋರ್ಟಲ್ ನಿಕ್ಷಯ್‌ನಲ್ಲಿ ಹೆಸರು ನೋಂದಾಯಿಸಿರಬೇಕು.

ಖರ್ಚಿಗೆ ಹೆದರಿ ಯಾರಾದರೂ ಸುಮ್ನೆ ಕೆಮ್ಮುತ್ತಾ ಮನೆಯಲ್ಲೇ ಕೂತರೆ ಕಷ್ಟ ಅಲ್ವಾ? ದಯವಿಟ್ಟು ಆ ಸಂದೇಶ ಫಾರ್ವರ್ಡ್ ಮಾಡಬೇಡಿ. ಅನುಮಾನ ಇದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಥವಾ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ.