ವಿಭಾಗಕ್ಕೆ ನಾಲ್ಕೇ ಚಿತ್ರ

ಫೋಟೊ ತೆಗೆಯಲು ಒಂದು ಕ್ಯಾಮೆರಾ ಇದ್ದರೆ ಸಾಕು. ತೆಗೆದ ಸಾವಿರಾರು ಫೋಟೊಗಳಲ್ಲಿ ಸ್ಪರ್ಧೆಗೆ ಯಾವುದನ್ನು ಕಳುಹಿಸುವುದೆಂದು ನಿರ್ಧರಿಸಬೇಕಾದರೆ ಮಾತ್ರ ಮನಸ್ಸು ಗಟ್ಟಿಯಾಗಿರಬೇಕು, ಕಂಪ್ಯೂಟರಿನ ಪರದೆ ಬಣ್ಣವನ್ನು ಸುಳ್ಳು ಹೇಳದಂತಿರಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಆ ಹೊತ್ತಿನಲ್ಲಿ ಮನೆಯಲ್ಲಿ ಬೇರೆ ಯಾರೂ ಇರಬಾರದು. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ತೋಟದ ಮನೆಗಳಲ್ಲಿ ಈ ಕೊನೆಯ ಸೌಕರ್ಯ ದುರ್ಲಭ. ಸಲೋನ್ ಎಂದು ಕರೆಸಿಕೊಳ್ಳುವ ಅಂತಾರಾಷ್ಟ್ರೀಯ ಸ್ಪರ್ಧೆಗಳಲ್ಲಿ ಬಹುಪಾಲು, 1950ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಸ್ಥಾಪನೆಯಾದ ಫಿಯಾಪ್ ಎಂಬ ಒಕ್ಕೂಟದ ಅಥವಾ ಅದಕ್ಕೂ ಹಿರಿಯದಾದ, 1934ರಲ್ಲಿ ಶುರುವಾದ ಅಮೆರಿಕದ ಫೋಟೊಗ್ರಾಫಿಕ್ ಸೊಸೈಟಿಯ ಮನ್ನಣೆ ಪಡೆದು ನಡೆಯುತ್ತವೆ. ಸಾಮಾನ್ಯವಾಗಿ ಅವು ವಿಭಾಗವೊಂದಕ್ಕೆ ನಾಲ್ಕೇ ಚಿತ್ರ ಕೇಳುತ್ತವೆ. ನಲವತ್ತು ಕೇಳಿದ್ದರೆ ನಮ್ಮ ಮನೆಯಲ್ಲಿ ಜಗಳವೇ ಇರುತ್ತಿರಲಿಲ್ಲ.

ನಮ್ಮಲ್ಲಿ ಈ ಆಯ್ಕೆ ನಡೆಯುವುದು ಜಡಿಮಳೆಯ ಆಟಿ ತಿಂಗಳಲ್ಲಿ. ದೈವ ಕಟ್ಟಿ ಕುಣಿಯುವ ತೆಯ್ಯಂ, ಯಕ್ಷಗಾನ, ಅಡಿಕೆ ಕೊಯ್ಲು ಎಲ್ಲವೂ ಮಳೆಗಾಲಕ್ಕೆ ಮೊದಲೇ ಮುಗಿದಿರುವುದರಿಂದ, ಹೊರಗೆ ಕ್ಯಾಮೆರಾ ತೆಗೆಯಲಾಗದ ಆ ದಿನಗಳಲ್ಲಿ ವರ್ಷವಿಡೀ ಒಟ್ಟುಗೂಡಿದ್ದನ್ನು ಜಗಲಿಯಲ್ಲಿ ಕುಳಿತು ಸೋಸುವುದು ರೂಢಿ. ತೋಟಕ್ಕೆ ಹೋಗಲಾಗದ ಅಪ್ಪಚ್ಚಿ (ಚಿಕ್ಕಪ್ಪ), ಹಲಸಿನ ಹಪ್ಪಳ ಕಾಯಿಸಿ ತಂದ ಅಮ್ಮ, ಫೋಟೊಶಾಪ್ ಬಲ್ಲ ಸೋದರಳಿಯ ಮತ್ತು ಏನನ್ನೂ ಹೇಳದೆ ಎಲ್ಲವನ್ನೂ ಗಮನಿಸುವ ನನ್ನ ಹೆಂಡತಿ, ಹೀಗೆ ಪ್ರಾಥಮಿಕ ತೀರ್ಪುಗಾರರ ಮಂಡಳಿ ತಾನಾಗಿ ಕೂಡುತ್ತದೆ. ನಿಜವಾದ ತೀರ್ಪುಗಾರರು ಒಂದು ಚಿತ್ರದ ಮೇಲೆ ಕಳೆಯುವುದು ಕೆಲವೇ ಸೆಕೆಂಡು. ನಮ್ಮ ಮಂಡಳಿ ಒಂದೊಂದು ಚಿತ್ರಕ್ಕೂ ಅರ್ಧ ಗಂಟೆ ಕೊಡುತ್ತದೆ, ಆದರೆ ಆ ಅರ್ಧ ಗಂಟೆಯಲ್ಲಿ ಚಿತ್ರವನ್ನು ಮಾತ್ರ ನೋಡುವುದಿಲ್ಲ. ಯಕ್ಷಗಾನದವರು ವೇಷ ಕಟ್ಟಿಕೊಳ್ಳುವ ಚೌಕಿಯಲ್ಲಿ ಒಂದೇ ಬಲ್ಬಿನ ಬೆಳಕಿಗೆ ಮುಖ ಒಡ್ಡಿ, ಎಡಗೈಯಲ್ಲಿ ಕನ್ನಡಿ ಹಿಡಿದು, ಅಕ್ಕಿಹಿಟ್ಟು ಸುಣ್ಣದ ಚುಟ್ಟಿಯನ್ನು ಕೆನ್ನೆಯ ಮೇಲೆ ಒಂದೊಂದಾಗಿ ಇಡುತ್ತಿದ್ದ ಬಣ್ಣದ ವೇಷಧಾರಿಯ ಚಿತ್ರವನ್ನು ನಾನು ತೆರೆದಾಗ, ಅರ್ಧ ಮುಖ ಮನುಷ್ಯನದು, ಇನ್ನರ್ಧ ರಾಕ್ಷಸನದು ಆಗಿರುವ ಆ ಕ್ಷಣದ ಬಗ್ಗೆ ಯಾರಾದರೂ ಒಂದು ಮಾತು ಆಡಿಯಾರೆಂದು ಕಾದೆ. ಅಪ್ಪಚ್ಚಿ ಕನ್ನಡಕ ಏರಿಸಿಕೊಂಡು ಹತ್ತಿರ ಬಂದು, "ಇವರು ಸೀತಾಂಗೋಳಿಯ ಕಡೆಯಿಂದ ಹೆಣ್ಣು ತಂದವರಲ್ಲವೋ?" ಎಂದರು. ಆಮೇಲೆ ಆ ಮದುವೆಯ ಊಟದಲ್ಲಿ ಪಾಯಸ ಕಡಿಮೆ ಬಿದ್ದ ವಿಚಾರ ಸಂಜೆಯವರೆಗೆ ನಡೆಯಿತು.

ಇದರಲ್ಲಿ ಅವರ ತಪ್ಪೂ ಇಲ್ಲ. ಗುರುತಿನವರ ಮುಖ ಕಂಡರೆ ಬೆಳಕು ನೆರಳು ಯಾರಿಗೂ ಕಾಣುವುದಿಲ್ಲ. ತೆಗೆದವನಿಗಂತೂ ಚಿತ್ರವೇ ಕಾಣುವುದಿಲ್ಲ, ಪಟ್ಟ ಪಾಡು ಮಾತ್ರ ಕಾಣುತ್ತದೆ. ನನ್ನ ಸುರಂಗದ ಚಿತ್ರವನ್ನೇ ತೆಗೆದುಕೊಳ್ಳಿ. ಗುಡ್ಡೆಯ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ನೀರು ಹರಿಸಿಕೊಳ್ಳುವ ಸುರಂಗಗಳು ನಮ್ಮ ಜಿಲ್ಲೆಯ ಹೆಮ್ಮೆ. ಒಬ್ಬ ಮನುಷ್ಯ ಬಗ್ಗಿ ಸಾಗುವಷ್ಟೇ ಜಾಗವಿರುವ ಅದರೊಳಗೆ ಮೊಣಕಾಲುದ್ದ ತಣ್ಣೀರಿನಲ್ಲಿ, ತಲೆಯ ಮೇಲೆ ಬಾವಲಿ, ಕಾಲಡಿಯಲ್ಲಿ ಕಪ್ಪೆ, ಕುತ್ತಿಗೆಯಲ್ಲಿ ಕ್ಯಾಮೆರಾ, ಬಗಲಲ್ಲಿ ಟ್ರೈಪಾಡ್ ಸಮೇತ ಸಾಗಿ, ಒಳಗಿನಿಂದ ಬಾಯಿಯ ಕಡೆಗೆ ತಿರುಗಿ, ಬೆಳಕಿಗೆ ಎದುರಾಗಿ ನಿಂತ ಅಪ್ಪಚ್ಚಿಯನ್ನು ಸೆರೆಹಿಡಿದ ಚಿತ್ರವದು. ಹೊರಬರುವಾಗ ತಲೆಗೆ ತಾಗಿದ ಕಲ್ಲಿನ ಗುರುತು ಇನ್ನೂ ಇದೆ. ಇಷ್ಟೆಲ್ಲ ನೆನಪಿರುವ ನನಗೆ ಅದು ನನ್ನ ಸಂಗ್ರಹದಲ್ಲೇ ಶ್ರೇಷ್ಠ ಚಿತ್ರ. ಹೆಂಡತಿ ಮೊದಲ ಬಾರಿಗೆ ಬಾಯಿ ಬಿಟ್ಟು, "ಲೆನ್ಸಿನ ಮುಚ್ಚಳ ತೆಗೆದಿದ್ದಿರಲ್ಲವೇ?" ಎಂದು ವಿಚಾರಿಸಿದಳು. ನಾನು ನಡುವಿನ ಬಿಳಿ ಚುಕ್ಕೆಯನ್ನು ತೋರಿಸಿ, ಅದೇ ಸುರಂಗದ ಬಾಯಿಯೆಂದೂ, ಆ ಚುಕ್ಕೆಯೊಳಗಿನ ಕಪ್ಪು ಚುಕ್ಕೆಯೇ ಅಪ್ಪಚ್ಚಿಯೆಂದೂ ವಿವರಿಸಿದೆ. ಇಡೀ ರಾಶಿಯಲ್ಲಿ ಅಪ್ಪಚ್ಚಿಗೆ ಗುರುತು ಸಿಗದೆ ಹೋದ ಒಬ್ಬನೇ ಮನುಷ್ಯ ಅವರೇ.

ನಿಸರ್ಗ ವಿಭಾಗದ ಕಷ್ಟ ಬೇರೆ ಬಗೆಯದು. ಆ ವಿಭಾಗದ ನಿಯಮದಂತೆ ಸಾಕುಪ್ರಾಣಿ ಕೂಡದು, ಬೆಳೆಸಿದ ಗಿಡ ಕೂಡದು, ಮನುಷ್ಯ ಮಾಡಿದ ವಸ್ತು ಕಾಣಕೂಡದು. ಮನುಷ್ಯರ ನಡುವೆ ಬದುಕಲು ಒಗ್ಗಿಕೊಂಡ ಜೀವಿಯ ಬಾಳನ್ನು ತೋರಿಸಲು ಅನಿವಾರ್ಯವಾದರೆ ಮಾತ್ರ ಅದಕ್ಕೆ ವಿನಾಯಿತಿ. ನಿಯಮ ಒಳ್ಳೆಯದೇ, ಆದರೆ ಅದನ್ನು ಬರೆದವರು ಅಡಿಕೆ ತೋಟ ನೋಡಿರಲಾರರು. ನಮ್ಮ ಮಿಂಚುಳ್ಳಿಗೆ ಕುಳಿತುಕೊಳ್ಳಲು ಸ್ಪ್ರಿಂಕ್ಲರ್ ಪೈಪಿನಷ್ಟು ಇಷ್ಟವಾದ ಜಾಗ ಇನ್ನೊಂದಿಲ್ಲ. ಭೀಮರಾಜ ಅಡಿಕೆ ಸೋಗೆಯನ್ನು ಬಿಟ್ಟು ಏಳುವುದಿಲ್ಲ, ಜೇನುಹಿಡುಕನಿಗೆ ಕರೆಂಟಿನ ತಂತಿಯೇ ಬೇಕು. ಪಿಕಳಾರ ಜಗಲಿಯ ಹೂಕುಂಡದಲ್ಲೇ ಗೂಡು ಕಟ್ಟಿ ಸಂಸಾರ ಹೂಡಿತ್ತು. ಆದರೆ ಗೂಡಿನಲ್ಲಿರುವ ಹಕ್ಕಿಗೆ ತೊಂದರೆಯಾಗಬಾರದೆಂದು ನಮ್ಮ ದೇಶದ ಹಲವು ಸ್ಪರ್ಧೆಗಳು ಗೂಡಿನ ಚಿತ್ರವನ್ನೇ ಸ್ವೀಕರಿಸುವುದಿಲ್ಲ. ಅನಂತಪುರದ ಸರೋವರ ದೇವಸ್ಥಾನದಲ್ಲಿ 2022ರ ಅಕ್ಟೋಬರಿನಲ್ಲಿ ಮೊಸಳೆ ಬಬಿಯಾ ತೀರಿಕೊಂಡ ಮೇಲೆ 2023ರ ಕೊನೆಗೆ ಹೊಸ ಮೊಸಳೆಯೊಂದು ಕಾಣಿಸಿಕೊಂಡಾಗ ಅಳಿಯನಿಗೆ ಆಸೆ ಚಿಗುರಿತು. ಮೊಸಳೆಯೇನೋ ವನ್ಯಜೀವಿಯೇ, ಹಿಂದೆ ಮೆಟ್ಟಿಲೂ ಗುಡಿಯೂ ಇದ್ದರೆ ಏನು ಮಾಡುವುದು?

ಕೊನೆಗೆ ನಿಸರ್ಗಕ್ಕೆ ಉಳಿದದ್ದು ಪೊಸಡಿಗುಂಪೆಯ ಮೇಲಿಂದ ತೆಗೆದ ಒಂದು ದೃಶ್ಯ: ಹುಲ್ಲಿನ ಬೋಳುಗುಡ್ಡೆ, ಕೆಳಗೆ ಮಂಜು, ಮೇಲೆ ವಿಶಾಲವಾದ ಆಕಾಶ, ಆಕಾಶದಲ್ಲಿ ದೂರದಲ್ಲೊಂದು ಗರುಡ. ಲೆನ್ಸಿನ ಕಿಂಡಿಯನ್ನು ತೀರ ಕಿರಿದು ಮಾಡಿ ತೆಗೆದರೆ ಸೆನ್ಸರ್ ಮೇಲೆ ಕುಳಿತ ಧೂಳಿನ ಕಣಗಳು ಆಕಾಶದಲ್ಲಿ ಮಸುಕು ಚುಕ್ಕೆಗಳಾಗಿ ಮೂಡುತ್ತವೆ. ಈ ಧೂಳನ್ನು ಒರೆಸಲು ನಿಸರ್ಗ ವಿಭಾಗದಲ್ಲೂ ಅನುಮತಿ ಇದೆ. ದೃಶ್ಯದಲ್ಲಿ ನಿಜವಾಗಿ ಇದ್ದ ಯಾವುದನ್ನೂ ಅಳಿಸುವಂತಿಲ್ಲ, ಇಲ್ಲದ್ದನ್ನು ಸೇರಿಸುವಂತಿಲ್ಲ. ಅಳಿಯ ಬಹಳ ಶ್ರದ್ಧೆಯಿಂದ ಆಕಾಶವನ್ನು ಗುಡಿಸಿ ಕೊಟ್ಟ. ದೊಡ್ಡದು ಮಾಡಿ ನೋಡಿದರೆ ಗರುಡನನ್ನು ಧೂಳೆಂದು ಅಳಿಸಿ, ರೆಕ್ಕೆ ಬಿಚ್ಚಿದಂತಿದ್ದ ಒಂದು ಧೂಳನ್ನು ಗರುಡನೆಂದು ಉಳಿಸಿದ್ದ. "ಗರುಡನನ್ನೆಲ್ಲ ಅಳಿಸಬಾರದು ಮಗಾ, ಒಳ್ಳೆಯದಲ್ಲ" ಎಂದು ಅಮ್ಮ ಒಳಗಿನಿಂದಲೇ ಹೇಳಿದರು. ನಿಯಮಾವಳಿ ಐದಾರು ಪ್ಯಾರಾಗಳಲ್ಲಿ ಹೇಳುವುದನ್ನೇ ಅವರು ಒಂದೇ ಮಾತಿನಲ್ಲಿ ಮುಗಿಸಿದ್ದರು.

ಅನುಮಾನ ಬಂದರೆ ಆಯೋಜಕರು ಕ್ಯಾಮೆರಾದ ಮೂಲ ಫೈಲನ್ನೇ ಕೇಳುತ್ತಾರೆಂದು ಅಳಿಯನಿಗೆ ಹೇಳುತ್ತಾ, ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಪಾಲುಗಾರನಾಗಿ ನಡೆಸುತ್ತಿದ್ದ ಹೆಸರಾಂತ ವನ್ಯಜೀವಿ ಸ್ಪರ್ಧೆಯ 2009ರ ಮೊದಲ ಬಹುಮಾನದ ಸಂಗತಿಯನ್ನು ವಿವರಿಸಿದೆ. ರಾತ್ರಿಯಲ್ಲಿ ಗೇಟು ಹಾರುತ್ತಿರುವ ತೋಳದ ಆ ಚಿತ್ರದ ಬಹುಮಾನವನ್ನು 2010ರ ಜನವರಿಯಲ್ಲಿ ಹಿಂದಕ್ಕೆ ಪಡೆದರು, ಏಕೆಂದರೆ ಅದು ಪಳಗಿಸಿದ ತೋಳವಿರಬಹುದೆಂಬ ತೀರ್ಮಾನಕ್ಕೆ ಬಂದಿದ್ದರು. ಕಾಡಿನ ತೋಳವಾಗಿದ್ದರೆ ಗೇಟಿನ ಸಂದಿನಲ್ಲಿ ನುಸುಳುತ್ತಿತ್ತೇ ಹೊರತು ಹಾರುತ್ತಿರಲಿಲ್ಲ ಎಂಬ ವಾದವೂ ಆಗ ಕೇಳಿಬಂದಿತ್ತು. ಅಪ್ಪಚ್ಚಿಗೆ ಇದು ಸ್ವಲ್ಪವೂ ಒಪ್ಪಿಗೆಯಾಗಲಿಲ್ಲ. "ನಮ್ಮ ಕಪ್ಪು ದನ ದಿನಾ ಬೇಲಿ ಹಾರುತ್ತದಲ್ಲ, ಅದನ್ನು ಯಾರು ಪಳಗಿಸಿದ್ದು ಮಾರಾಯ?" ಎಂದರು.

ಇನ್ನು ಅಳತೆಯ ವಿಚಾರ. ಹೆಚ್ಚಿನ ಸಲೋನ್‌ಗಳು ಚಿತ್ರ 1920 ಪಿಕ್ಸೆಲ್ ಅಗಲ, 1080 ಪಿಕ್ಸೆಲ್ ಎತ್ತರವನ್ನು ಮೀರಬಾರದೆನ್ನುತ್ತವೆ. ಇದು ಕೇಳಲು ನ್ಯಾಯವಾಗಿಯೇ ಇದೆ. ಲೆಕ್ಕ ಹಾಕಿದಾಗ ಮಾತ್ರ ಇದರ ಅನ್ಯಾಯ ತಿಳಿಯುತ್ತದೆ: ಮೂರಕ್ಕೆ ಎರಡರ ಪ್ರಮಾಣದ ಅಡ್ಡ ಚಿತ್ರವೊಂದು ಈ ಚೌಕಟ್ಟಿನಲ್ಲಿ 1620 ಅಗಲ, 1080 ಎತ್ತರಕ್ಕೆ ಕೂರುತ್ತದೆ, ಅದೇ ಕ್ಯಾಮೆರಾವನ್ನು ತಿರುಗಿಸಿ ಉದ್ದಕ್ಕೆ ತೆಗೆದ ಚಿತ್ರ 720 ಅಗಲ, 1080 ಎತ್ತರಕ್ಕೆ ಕುಗ್ಗುತ್ತದೆ. ಅಂದರೆ ಉದ್ದ ಚಿತ್ರಕ್ಕೆ ಪರದೆಯಲ್ಲಿ ಸಿಗುವ ಜಾಗ ಅಡ್ಡ ಚಿತ್ರದ ಅರ್ಧಕ್ಕಿಂತಲೂ ಕಡಿಮೆ. ಕಾಸರಗೋಡಿನಲ್ಲಿ ಅಡ್ಡಕ್ಕೆ ಇರುವುದಾದರೂ ಏನು? ಅಡಿಕೆ ಮರ ಉದ್ದ, ತೆಂಗು ಇನ್ನೂ ಉದ್ದ, ತೆಯ್ಯಂನ ಮುಡಿಯಂತೂ ಕೆಲವೊಮ್ಮೆ ಚಪ್ಪರವನ್ನೇ ಮೀರುತ್ತದೆ. ಅಡ್ಡಕ್ಕಿರುವುದೆಂದರೆ ಸಮುದ್ರ ಮತ್ತು ಬೇಕಲ ಕೋಟೆ. ಕೆಳದಿಯ ಶಿವಪ್ಪ ನಾಯಕ ಹದಿನೇಳನೆಯ ಶತಮಾನದಲ್ಲಿ ಕಟ್ಟಿಸಿದ ಆ ಕೋಟೆಯ ಬುರುಜನ್ನು ಜನರಿಲ್ಲದೆ ತೆಗೆಯಬೇಕೆಂದು ಎಷ್ಟು ಹೊತ್ತು ಕಾದರೂ, ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳುವ ಜೋಡಿಯೊಂದು, ಗಾಳಿಗೆ ಹಾರುವ ಉದ್ದನೆಯ ಬಟ್ಟೆ ಮತ್ತು ಆ ಬಟ್ಟೆಯನ್ನು ಎಸೆದು ಓಡಿಹೋಗುವ ಹುಡುಗನೊಬ್ಬ ಚೌಕಟ್ಟಿನೊಳಗೆ ಬಂದೇ ಬರುತ್ತಾರೆ.

ದೈವ ಕೆಂಡಕ್ಕೆ ಬೀಳುವ ಒತ್ತೆಕೋಲದ ಚಿತ್ರಗಳಲ್ಲೂ ಇದೇ ಪಾಡು. ಕೆಂಡದ ರಾಶಿಯ ಸುತ್ತ ಕೈ ಎತ್ತಿ ನಿಂತವರ ಮೊಬೈಲುಗಳೆಲ್ಲ ದೈವಕ್ಕಿಂತ ಹೆಚ್ಚು ಹೊಳೆಯುತ್ತಿದ್ದುದರಿಂದ ಅವನ್ನು ಏಕವರ್ಣ ವಿಭಾಗಕ್ಕೆ ವರ್ಗಾಯಿಸಲು ನೋಡಿದೆವು. ಕಪ್ಪು ಬಿಳುಪಿನಲ್ಲಿ ಮೊಬೈಲುಗಳು ಹಾಗೆಯೇ ಉಳಿದವು, ತೆಯ್ಯಂನ ಕೆಂಪು ಮಾತ್ರ ಹೋಯಿತು.

ಮುಕ್ತ ವರ್ಣ ವಿಭಾಗಕ್ಕೆ ನಾನು ನಂಬಿದ್ದು ನಮ್ಮಲ್ಲಿಗೆ ಅಡಿಕೆ ಕೊಯ್ಯಲು ಬರುವವರ ಚಿತ್ರವನ್ನು. ಹಿಂದೆ ಕಾಲಿಗೆ ತಳೆ ಹಾಕಿ ಮರದಿಂದ ಮರಕ್ಕೆ ಜಿಗಿಯುತ್ತಿದ್ದ ಅವರು ಈಗ ಕಾರ್ಬನ್ ಫೈಬರಿನ ದೋಟಿ ಹಿಡಿದು ನೆಲದಲ್ಲೇ ನಿಂತು ಕೊಯ್ಯುತ್ತಾರೆ. ತಲೆಯ ಮೇಲೆ ಅಡಿಕೆ ಹಾಳೆಯ ಮುಟ್ಟಾಳೆ, ಹೆಗಲು ಹರಿದು ಅಡಿಕೆಯ ಕಲೆ ಹಿಡಿದ ಅಂಗಿ, ಮೇಲೆ ನೋಡುತ್ತಿರುವ ಮುಖದ ಮೇಲೆ ಸೋಗೆಗಳ ನಡುವಿನಿಂದ ಬಿದ್ದ ಬೆಳಗಿನ ಬಿಸಿಲು. ಇಂಥ ಚಿತ್ರ ಯಾವಾಗಲೂ ಸಿಗುವುದಿಲ್ಲ. ಮುಖ ಕಾಣುವ ಚಿತ್ರವಾದ್ದರಿಂದ ಅವರಿಗೆ ತೋರಿಸಿ ಒಪ್ಪಿಗೆ ಕೇಳಿದೆ. ಅವರು ಬಹಳ ಹೊತ್ತು ನೋಡಿ, "ಇದನ್ನು ಕಳಿಸುವುದು ಬೇಡ ಅಣ್ಣೇರೆ. ಫಾರಿನಿನವರು ನೋಡಿದರೆ ನೀವು ಸಂಬಳವೇ ಕೊಡುವುದಿಲ್ಲ ಎಂದಾರು" ಎಂದರು. ಮರುದಿನ ಬೆಳಗ್ಗೆ ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು, ಮುಖಕ್ಕೆ ಪೌಡರ್ ಹಚ್ಚಿ, ಬಾಚಿದ ತಲೆ ಕೆಡದಿರಲೆಂದು ಮುಟ್ಟಾಳೆಯನ್ನು ಬಗಲಲ್ಲಿಟ್ಟುಕೊಂಡು ಅಂಗಳದಲ್ಲಿ ಹಾಜರಾದರು. ದೋಟಿಯನ್ನು ನೆಟ್ಟಗೆ ಊರಿ, ಉಸಿರು ಬಿಗಿಹಿಡಿದು, ಕಣ್ಣು ಮಿಟುಕಿಸದೆ ಅವರು ನಿಂತ ಆ ಎರಡನೆಯ ಚಿತ್ರಕ್ಕೆ ನಮ್ಮ ಮಂಡಳಿ ಅವಿರೋಧವಾಗಿ ಪ್ರಥಮ ಸ್ಥಾನ ಕೊಟ್ಟಿತು. ಮುಖ ಅವರದು, ಆದ್ದರಿಂದ ಆಯ್ಕೆಯೂ ಅವರದೇ ಆಯಿತು. ಹೊರಡುವಾಗ, ಅಂಗಿ ಹೇಗೂ ಹಾಕಿ ಆಗಿದೆಯೆಂದು ಗೋಡೆಯ ಎದುರು ನಿಂತು ಪಾಸ್‌ಪೋರ್ಟ್ ಅಳತೆಯದ್ದೊಂದನ್ನೂ ತೆಗೆಸಿಕೊಂಡರು.

ಸಲ್ಲಿಕೆಯ ಕೊನೆಯ ಗಡುವು ಗ್ರೀನ್‌ವಿಚ್ ಕಾಲಮಾನದ ಮಧ್ಯರಾತ್ರಿ ಎಂದಿತ್ತು. ನಮಗೆ ಅದು ಮರುದಿನ ಬೆಳಗಿನ 5.30. ಈ ಐದೂವರೆ ಗಂಟೆಯ ಉದಾರತೆಯಿಂದ ಯಾರಿಗೂ ಉಪಕಾರವಾಗಿಲ್ಲ, ರಾತ್ರಿ ಹನ್ನೆರಡಕ್ಕೆ ಮುಗಿಯಬಹುದಾಗಿದ್ದ ಚರ್ಚೆ ಹಾಲು ಕರೆಯುವ ಹೊತ್ತಿನವರೆಗೆ ಹಿಗ್ಗಿತು ಅಷ್ಟೆ. ಕರೆಂಟು ಹೋಗಿ, ಲ್ಯಾಪ್‌ಟಾಪಿನ ಬ್ಯಾಟರಿ ಸಾಯುವ ಹಂತಕ್ಕೆ ಬಂದು, ಪ್ರತಿ ಚಿತ್ರಕ್ಕೂ ಶೀರ್ಷಿಕೆ ಕಡ್ಡಾಯವೆಂದು ಪುಟ ಹಠ ಹಿಡಿದಾಗ, ಎಲ್ಲರೂ ಇಡುವ 'ಏಕಾಂತ', 'ನಿರೀಕ್ಷೆ' ಮುಂತಾದ ಭಾರವಾದ ಹೆಸರುಗಳು ಬೇಡವೆಂದು ಅಲ್ಲಿಯವರೆಗೆ ವಾದಿಸಿದ್ದ ನಾನೇ ಸುರಂಗದ ಚಿತ್ರಕ್ಕೆ 'ಏಕಾಂತ' ಎಂದೂ ಗರುಡನನ್ನು ಮರಳಿ ಪಡೆದ ಗುಡ್ಡೆಗೆ 'ನಿರೀಕ್ಷೆ' ಎಂದೂ ಬರೆದು ಕಳುಹಿಸಿದೆ.

ಫಲಿತಾಂಶ ಬಂದಾಗ ಅಂಗೀಕಾರವಾಗಿದ್ದದ್ದು ಚೌಕಿಯ ಚಿತ್ರವೊಂದೇ. ಸೀತಾಂಗೋಳಿಯ ಸಂಬಂಧವನ್ನು ಮೊದಲೇ ಗುರುತಿಸಿದ್ದರಿಂದ ಅದರ ಯಶಸ್ಸು ತಮ್ಮದೆಂಬ ಭಾವನೆ ಅಪ್ಪಚ್ಚಿಯವರಲ್ಲಿದೆ. ಬಿಳಿ ಅಂಗಿಯ ಚಿತ್ರಕ್ಕೆ ಬಂದ ಅಂಕವನ್ನು ಅಂಗಿಯ ಒಡೆಯರಿಗೆ ನಾವು ತಿಳಿಸಿಲ್ಲ. ಮೂವರು ತೀರ್ಪುಗಾರರು ತಲಾ ಒಂದರಿಂದ ಐದರವರೆಗೆ ಅಂಕ ಕೊಡುವ ಆ ಸ್ಪರ್ಧೆಯಲ್ಲಿ ಯಾರಿಗೂ ಮೂರಕ್ಕಿಂತ ಕಡಿಮೆ ಬರಲು ಸಾಧ್ಯವಿಲ್ಲ. ನನ್ನ ಸುರಂಗಕ್ಕೆ ನಾಲ್ಕು ಬಂದಿತ್ತು. ಆ ಹೆಚ್ಚಿನ ಒಂದು ಅಂಕ ಕೊಟ್ಟ ಪುಣ್ಯಾತ್ಮರು ಯಾವ ದೇಶದವರೋ ತಿಳಿಯದು, ಒಮ್ಮೆಯಾದರೂ ಕತ್ತಲಲ್ಲಿ ತಲೆ ತಾಗಿಸಿಕೊಂಡವರೇ ಇರಬೇಕು.

ಈಗ ಮುಂದಿನ ಸ್ಪರ್ಧೆಯ ಪ್ರವಾಸ ವಿಭಾಗದ ನಿಯಮಗಳನ್ನು ಓದುತ್ತಿದ್ದೇನೆ. ಒಂದು ನೆಲದ ಲಕ್ಷಣವನ್ನೋ ಸಂಸ್ಕೃತಿಯನ್ನೋ ಇದ್ದ ಹಾಗೆ ತೋರಿಸಿದರೆ ಸಾಕು, ಎಲ್ಲಿ ತೆಗೆದದ್ದೆಂಬುದಕ್ಕೆ ಭೌಗೋಳಿಕ ಮಿತಿಯಿಲ್ಲ ಎಂದು ಅಮೆರಿಕದ ಸೊಸೈಟಿಯ ವ್ಯಾಖ್ಯೆ ಹೇಳುತ್ತದೆ. ಹಾಗಾದರೆ ನಮ್ಮ ಅಂಗಳದಲ್ಲಿ ಅಡಿಕೆ ಒಣಗುವುದೂ, ಬಾವಿಕಟ್ಟೆಯಲ್ಲಿ ಬಟ್ಟೆ ಒಗೆಯುವುದೂ ಪ್ರವಾಸವೇ ಆಗುತ್ತದೆ, ಗೇಟು ದಾಟುವ ಅಗತ್ಯವೇ ಇಲ್ಲ ಎಂದು ಉತ್ಸಾಹದಿಂದ ಜಗಲಿಗೆಲ್ಲ ಕೇಳುವಂತೆ ಹೇಳಿದೆ. ಮದುವೆಯಾದಂದಿನಿಂದ ಮೈಸೂರಿಗೆ ಹೋಗೋಣವೆಂದು ಹೇಳುತ್ತಲೇ ಇರುವ ಹೆಂಡತಿ ಕೈಯಲ್ಲಿದ್ದ ಬಟ್ಟೆಯ ಬಕೆಟನ್ನು ನನ್ನ ಮುಂದೆ ತಂದಿಟ್ಟು, "ಒಳ್ಳೆಯದಾಯಿತು, ಇವತ್ತಿನ ಪ್ರವಾಸಕ್ಕೆ ನೀವೇ ಹೋಗಿ ಬನ್ನಿ" ಎಂದಳು.