ದುಬಾರಿ ಸಿಡಿ ಪ್ಲೇಯರಿಗೆ ಇನ್ನೂ ಹಣ ಹಾಕಬೇಕೆ?

ಮನೆಯಲ್ಲಿ ಕೂತು ಮನಸ್ಸಿಟ್ಟು ಸಂಗೀತ ಕೇಳುವವರ ಮುಂದೆ ಎರಡು ದಾರಿಗಳಿವೆ. ಡಿಸ್ಕ್ ಓದುವ ಭಾಗ, ಡಿಜಿಟಲ್ ಸಂಕೇತವನ್ನು ಅನಲಾಗ್ ಮಾಡುವ ಪರಿವರ್ತಕ, ಔಟ್‌ಪುಟ್ ಸರ್ಕ್ಯೂಟ್ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿರುವ ಮೇಲ್ದರ್ಜೆಯ ಸಿಡಿ ಪ್ಲೇಯರ್ ಒಂದು. ಸಿಡಿಗಳನ್ನು ಫೈಲುಗಳಾಗಿ ಇಳಿಸಿಕೊಂಡು, ಇಲ್ಲವೇ ಸಾಧಾರಣ ಪ್ಲೇಯರೊಂದರ ಡಿಜಿಟಲ್ ಔಟ್‌ಪುಟ್‌ನಿಂದ ಪ್ರತ್ಯೇಕ ಪರಿವರ್ತಕಕ್ಕೆ, ಅಂದರೆ ಡ್ಯಾಕ್‌ಗೆ, ಕಳಿಸುವುದು ಇನ್ನೊಂದು. ಕಪಾಟಿನ ತುಂಬ ಸಿಡಿ ಇರುವವರು ಯಾವುದನ್ನು ಆರಿಸಬೇಕು?

ಪರ: ಒಂದೇ ಕೆಲಸಕ್ಕೆಂದು ಕಟ್ಟಿದ ಯಂತ್ರ

ಸೋನಿ ಮತ್ತು ಫಿಲಿಪ್ಸ್ 1982ರಲ್ಲಿ ಸಿಡಿಯನ್ನು ಮಾರುಕಟ್ಟೆಗೆ ತಂದಾಗ ಇದ್ದ ಲೆಕ್ಕವೇ ಇಂದಿಗೂ ಇದೆ: ಸೆಕೆಂಡಿಗೆ 44,100 ಮಾದರಿ (ಸ್ಯಾಂಪಲ್, ಅಂದರೆ ಧ್ವನಿಯ ಅಲೆಯ ಒಂದು ಅಳತೆ), ಒಂದೊಂದಕ್ಕೆ 16 ಬಿಟ್, ಎರಡು ಚಾನೆಲ್. ಪ್ಲೇಯರ್ ವಿನ್ಯಾಸ ಮಾಡುವವರಿಗೆ ಇದೊಂದು ದೊಡ್ಡ ಅನುಕೂಲ. ಹತ್ತಾರು ಬಗೆಯ ಸಂಕೇತಗಳಿಗೆ ಒಗ್ಗಿಕೊಳ್ಳುವ ತಾಪತ್ರಯ ಅವರಿಗಿಲ್ಲ. 44.1 ಕಿಲೋಹರ್ಟ್ಸ್‌ನ ನೇರ ಗುಣಕವಾದ ಒಂದೇ ಕ್ರಿಸ್ಟಲ್ (ಉದಾಹರಣೆಗೆ ಅದರ 384 ಪಟ್ಟಾದ 16.9344 ಮೆಗಾಹರ್ಟ್ಸ್) ಸಾಕು. ಅದನ್ನು ಡ್ಯಾಕ್ ಚಿಪ್ಪಿನ ಪಕ್ಕದಲ್ಲೇ ಕೂರಿಸಬಹುದು.

ಕ್ಲಾಕ್, ಅಂದರೆ ಮಾದರಿಗಳಿಗೆ ಹೊತ್ತು ಹೇಳುವ ಈ ಕ್ರಿಸ್ಟಲ್, ಎಲ್ಲಿ ಕೂತಿದೆ ಎಂಬುದು ಸಣ್ಣ ವಿಷಯವಲ್ಲ. ಡಿಸ್ಕ್ ಒಳಸುತ್ತಿನಲ್ಲಿ ನಿಮಿಷಕ್ಕೆ ಸುಮಾರು 500 ಸುತ್ತು, ಹೊರಸುತ್ತಿಗೆ ಬರುವಾಗ ಸುಮಾರು 200 ಸುತ್ತು ತಿರುಗುತ್ತದೆ. ವೇಗ ಎಂದೂ ಕರಾರುವಾಕ್ಕಾಗಿರುವುದಿಲ್ಲ. ಹಾಗಾಗಿ ಓದಿದ ದತ್ತಾಂಶ ಮೊದಲು ಬಫರಿನಲ್ಲಿ ಸೇರುತ್ತದೆ. ಕ್ರಿಸ್ಟಲ್ ಹೇಳಿದ ಹೊತ್ತಿಗೆ ಸರಿಯಾಗಿ ಅಲ್ಲಿಂದ ಹೊರಬರುತ್ತದೆ. ಬಫರ್ ಖಾಲಿಯಾಗುತ್ತ ಬಂದರೆ ಮೋಟರು ಚುರುಕಾಗುತ್ತದೆ, ತುಂಬುತ್ತ ಬಂದರೆ ನಿಧಾನವಾಗುತ್ತದೆ. ಒಡೆಯ ಕ್ರಿಸ್ಟಲ್, ಆಳು ಮೋಟರು. ಟ್ರಾನ್ಸ್‌ಪೋರ್ಟ್ (ಡಿಸ್ಕ್ ಓದುವ ಯಂತ್ರ) ಮತ್ತು ಡ್ಯಾಕ್ ಬೇರೆಬೇರೆ ಪೆಟ್ಟಿಗೆಗಳಾಗಿ ಎಸ್‌ಪಿಡಿಐಎಫ್ ಕೇಬಲ್ಲಿನಿಂದ, ಅಂದರೆ ಆಪ್ಟಿಕಲ್ ಅಥವಾ ಕೋಆಕ್ಸಿಯಲ್ ಡಿಜಿಟಲ್ ಕೇಬಲ್ಲಿನಿಂದ, ಜೋಡಿಯಾದಾಗ ಈ ಕ್ರಮ ತಲೆಕೆಳಗಾಗುತ್ತದೆ. ಕ್ಲಾಕ್ ಟ್ರಾನ್ಸ್‌ಪೋರ್ಟ್ ಕಡೆಗೆ ಉಳಿಯುತ್ತದೆ, ಡ್ಯಾಕ್ ಕೇಬಲ್ಲಿನಲ್ಲಿ ಬಂದ ಸಂಕೇತದಿಂದಲೇ ಅದನ್ನು ಮತ್ತೆ ಹೆಕ್ಕಿ ತೆಗೆಯಬೇಕು. ಒಳ್ಳೆಯ ಡ್ಯಾಕ್ ಇದನ್ನು ಚೆನ್ನಾಗಿ ಮಾಡುತ್ತದೆ, ನಿಜ. ಒಂದೇ ಪೆಟ್ಟಿಗೆಯಲ್ಲಾದರೆ ಆ ಸಮಸ್ಯೆ ಹುಟ್ಟುವುದೇ ಇಲ್ಲ.

ಇನ್ನು ಎಸ್‌ಎಸಿಡಿ, ಅಂದರೆ ಸೂಪರ್ ಆಡಿಯೋ ಸಿಡಿ. 1999ರಲ್ಲಿ ಬಂದ ಈ ಡಿಸ್ಕುಗಳಲ್ಲಿ ಸಂಗೀತ ಇರುವುದು 2.8224 ಮೆಗಾಹರ್ಟ್ಸ್‌ನ 1 ಬಿಟ್ ಸಂಕೇತವಾಗಿ, ಅದೂ ಗೂಢಲಿಪಿಯಲ್ಲಿ. ಆ ಪದರವನ್ನು ಓದಲು 650 ನ್ಯಾನೋಮೀಟರ್ ಲೇಸರ್ ಬೇಕು, ಸಿಡಿಯದು 780. ಸಾಮಾನ್ಯ ಕಂಪ್ಯೂಟರ್ ಡ್ರೈವಿಗೆ ಅದು ದಕ್ಕುವುದಿಲ್ಲ. ಎಸ್‌ಎಸಿಡಿ ಪ್ಲೇಯರಿನ ಆಪ್ಟಿಕಲ್ ಅಥವಾ ಕೋಆಕ್ಸಿಯಲ್ ಕಿಂಡಿಯಿಂದಲೂ ಆ ಸಂಕೇತ ಹೊರಬರುವುದಿಲ್ಲ. ಸಂಗ್ರಹದಲ್ಲಿ ಎಸ್‌ಎಸಿಡಿ ಗಣನೀಯವಾಗಿದ್ದರೆ ಪ್ಲೇಯರ್ ಕೊಳ್ಳುವುದೇ ನೇರ ದಾರಿ.

ಅಷ್ಟಾಗಿ ಚರ್ಚೆಗೆ ಬಾರದ ಇನ್ನೊಂದು ಸಂಗತಿ ಪ್ರಿ-ಎಂಫಸಿಸ್. ಸಿಡಿಯ ಮೊದಲ ವರ್ಷಗಳಲ್ಲಿ ಬಂದ ಹಲವು ಡಿಸ್ಕುಗಳಲ್ಲಿ ತಾರ ಸ್ವರಗಳನ್ನು ಬೇಕೆಂದೇ ಎತ್ತರಿಸಿ ಮುದ್ರಿಸಿದ್ದಾರೆ; 20 ಕಿಲೋಹರ್ಟ್ಸ್‌ನಲ್ಲಿ ಈ ಏರಿಕೆ ಸುಮಾರು ಒಂಬತ್ತೂವರೆ ಡೆಸಿಬಲ್. ನುಡಿಸುವಾಗ ಅಷ್ಟನ್ನೇ ತಗ್ಗಿಸಿ ಎಂದು ಪ್ಲೇಯರಿಗೆ ಹೇಳುವ ಗುರುತು ಡಿಸ್ಕಿನಲ್ಲೇ ಇರುತ್ತದೆ. ಪ್ಲೇಯರ್ ಅದನ್ನು ತಾನಾಗಿ ಪಾಲಿಸುತ್ತದೆ. ಫೈಲಿಗೆ ಇಳಿಸುವಾಗ ಗುರುತು ಕಳಚಿ ಬೀಳುತ್ತದೆ, ಹಾಡು ತೆಳ್ಳಗೆ, ಕರ್ಕಶವಾಗಿ ಕೇಳುತ್ತದೆ. ಕೇಳುವವರು ‘ಹಳೆಯ ಸಿಡಿಗಳೇ ಹೀಗೆ’ ಎಂದುಕೊಳ್ಳುತ್ತಾರೆ. ಕೆಲವು ಡಿಸ್ಕುಗಳಲ್ಲಿ ಗುರುತು ಆರಂಭದ ಪಟ್ಟಿಯಲ್ಲಿರದೆ ಹಾಡಿನ ಜತೆ ಸಾಗುವ ಸಬ್‌ಕೋಡಿನಲ್ಲಿ ಮಾತ್ರ ಇರುತ್ತದೆ. ಪಟ್ಟಿಯನ್ನಷ್ಟೇ ನೋಡುವ ತಂತ್ರಾಂಶದ ಕಣ್ಣಿಗೆ ಅದು ಬೀಳುವುದಿಲ್ಲ. ಹಳೆಯ ಮಾಸ್ಟರಿಂಗ್‌ಗಾಗಿಯೇ ಹಳೆಯ ಸಿಡಿ ಹುಡುಕಿ ತರುವವರು ಇದನ್ನು ಗಮನಿಸಲೇಬೇಕು.

ಕೊಳ್ಳುವಾಗ ಡ್ಯಾಕ್ ಚಿಪ್ಪಿನ ಹೆಸರಿಗಿಂತ ಮೊದಲು ಲೇಸರ್ ಪಿಕಪ್ಪಿನ (ಲೇಸರ್ ಮತ್ತು ಮಸೂರವಿರುವ, ಡಿಸ್ಕ್ ಓದುವ ಭಾಗದ) ಮಾಡೆಲ್ ಸಂಖ್ಯೆ ಕೇಳಿ. ಸವೆಯುವುದು ಅದು. ಫಿಲಿಪ್ಸ್‌ನ ಸಿಡಿ-ಪ್ರೊ2 ಅತ್ಯುತ್ತಮ ಮೆಕಾನಿಸಂ, ಆದರೆ ಅದರ ತಯಾರಿಕೆ ನಿಂತುಹೋಗಿದೆ. ಅದನ್ನು ಬಳಸಿದ ಭವ್ಯ ಪ್ಲೇಯರುಗಳ ಬಿಡಿಭಾಗ ಹುಡುಕುವುದು ಕಷ್ಟ. ಸೋನಿ ಕೆಎಸ್‌ಎಸ್-213ರಂಥ ಸಾಧಾರಣ ಪಿಕಪ್ ಲಕ್ಷಾಂತರ ಯಂತ್ರಗಳಲ್ಲಿ ಬಳಕೆಯಾದದ್ದರಿಂದ ಬದಲಿ ಸಿಗುತ್ತದೆ. ಸೆಕೆಂಡ್‌ಹ್ಯಾಂಡ್ ಯಂತ್ರವಾದರೆ ಉದ್ದದ ಡಿಸ್ಕ್ ಒಂದನ್ನು, 70 ನಿಮಿಷ ದಾಟಿದ್ದನ್ನು, ಹಾಕಿ ಮೊದಲ ಹಾಡು ಮತ್ತು ಕೊನೆಯ ಹಾಡು ಎರಡನ್ನೂ ಕೇಳಿ. ಡಿಸ್ಕ್ ಇದೆಯೆಂದೇ ಗೊತ್ತಾಗದಿದ್ದರೆ ಮಸೂರಕ್ಕೆ ಧೂಳು ಹಿಡಿದಿರಬಹುದು, ಇಲ್ಲವೇ ಲೇಸರ್ ಬಲಗುಂದಿರಬಹುದು. ಆರಂಭ ಚೆನ್ನಾಗಿದ್ದು ಕೊನೆಯ ಹಾಡುಗಳಲ್ಲಿ ಮಾತ್ರ ಜಿಗಿದರೆ ಪಿಕಪ್ ಜಾರುವ ಹಳಿಯ ಗ್ರೀಸ್ ಗಟ್ಟಿಯಾಗಿರುವ ಸಾಧ್ಯತೆ ಹೆಚ್ಚು. ಟ್ರೇ ಅರ್ಧಕ್ಕೆ ನಿಂತರೆ ರಬ್ಬರ್ ಬೆಲ್ಟ್ ಸಡಿಲವಾಗಿದೆ. ಎಲ್ಲಕ್ಕಿಂತ ಸುಲಭದ ರಿಪೇರಿ ಅದೇ.

ಮಸೂರ ಒರೆಸಲು ಹತ್ತಿಕಡ್ಡಿಯ ತುದಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ತುಸುವೇ ತಾಗಿಸಿ, ಒತ್ತದೆ ಸುತ್ತಿಸಿ. ಅದು ಕೂದಲಿನಷ್ಟು ತೆಳುವಾದ ತಂತಿಗಳ ಮೇಲೆ ನಿಂತಿರುತ್ತದೆ. ಪಿಕಪ್ಪಿನ ಮೇಲಿರುವ ಪುಟ್ಟ ಸ್ಕ್ರೂ ತಿರುಗಿಸಿ ಲೇಸರಿನ ಬಲ ಏರಿಸುವವರಿದ್ದಾರೆ. ಕೆಲವು ವಾರ ಚೆನ್ನಾಗಿ ಓದುತ್ತದೆ, ಆಮೇಲೆ ಲೇಸರ್ ಪೂರ್ತಿ ಸಾಯುತ್ತದೆ. ಮಾಡಬೇಡಿ.

ಹಿಂಬದಿಯಲ್ಲಿ ಡಿಜಿಟಲ್ ಇನ್‌ಪುಟ್ ಇರುವ ಪ್ಲೇಯರನ್ನೇ ಆರಿಸಿ. ಆಗ ಅದರೊಳಗಿನ ಪರಿವರ್ತಕ ಟಿವಿಗೂ ಕಂಪ್ಯೂಟರಿಗೂ ಒದಗುತ್ತದೆ, ಮೆಕಾನಿಸಂ ಕೈಕೊಟ್ಟ ದಿನವೂ ಪೆಟ್ಟಿಗೆ ಪೂರ್ತಿ ನಿಷ್ಪ್ರಯೋಜಕವಾಗುವುದಿಲ್ಲ. ಡಿಸ್ಕ್ ಹಾಕಿ ಒತ್ತಿದರೆ ನುಡಿಯುವ ಯಂತ್ರಕ್ಕೆ ಅಪ್‌ಡೇಟ್ ಬೇಡ, ಚಂದಾ ಬೇಡ, ಫೋನ್ ಬೇಡ. ಒಂದು ಇಡೀ ಕಛೇರಿಯನ್ನು ಎದ್ದು ಹೋಗದೆ ಕೇಳಬೇಕೆನ್ನುವವರಿಗೆ ಇದೂ ಧ್ವನಿಯ ಗುಣಮಟ್ಟದಷ್ಟೇ ಬೆಲೆಯುಳ್ಳದ್ದು.

ವಿರೋಧ: ಡಿಸ್ಕ್ ತಿರುಗಿಸಲು ಇಷ್ಟು ಹಣ ಬೇಡ

ಮೇಲ್ದರ್ಜೆಯ ಪ್ಲೇಯರಿನ ಬೆಲೆಯಲ್ಲಿ ದೊಡ್ಡ ಪಾಲು ಹೋಗುವುದು ಭಾರದ ಪೆಟ್ಟಿಗೆಗೆ, ಟ್ರೇಗೆ, ಮೆಕಾನಿಸಂಗೆ. ಆ ಭಾಗ ಮಾಡುವ ಕೆಲಸ ಬಿಟ್ಟುಗಳನ್ನು ಓದುವುದು. ಆ ಕೆಲಸವನ್ನು ಕಂಪ್ಯೂಟರಿನ ಅಗ್ಗದ ಡ್ರೈವ್ ಕೂಡ ಒಂದು ಬಿಟ್ಟೂ ತಪ್ಪದಂತೆ ಮಾಡಬಲ್ಲದು, ಮತ್ತು ತಪ್ಪಿಲ್ಲವೆಂದು ತೋರಿಸಿಕೊಡಬಲ್ಲದು.

ಸಿಡಿಯಲ್ಲಿ ದತ್ತಾಂಶವನ್ನು ಸಾಲಾಗಿ ಬರೆದಿಲ್ಲ. ಚದುರಿಸಿ, ಜತೆಗೆ ತಿದ್ದುಪಡಿಯ ಸಂಕೇತಗಳನ್ನು ಸೇರಿಸಿ ಬರೆದಿದೆ. ಹಾಡಿನ ಹಾದಿಯುದ್ದಕ್ಕೆ ಸುಮಾರು ಎರಡೂವರೆ ಮಿಲಿಮೀಟರ್, ಅಂದರೆ ಸುಮಾರು 4,000 ಬಿಟ್, ಅಳಿಸಿಹೋದರೂ ಮೂಲವನ್ನು ಹಾಗೆಯೇ ಮರಳಿ ಕಟ್ಟಬಹುದು. ಅದನ್ನು ಮೀರಿದರೆ ಮಾತ್ರ ಪ್ಲೇಯರ್ ಅಕ್ಕಪಕ್ಕದ ಮಾದರಿಗಳನ್ನು ನೋಡಿ ಊಹಿಸುತ್ತದೆ. (ಡಿಸ್ಕನ್ನು ಸುತ್ತಾಗಿ ಒರೆಸದೆ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕೆನ್ನುವುದು ಇದಕ್ಕೇ. ಅಡ್ಡ ಗೀರು ತಿದ್ದಬಹುದಾದದ್ದು, ಹಾದಿಯುದ್ದದ ಗೀರು ಅಲ್ಲ.) ಊಹಿಸಿತೋ ಸರಿಯಾಗಿ ಓದಿತೋ ಎಂಬುದನ್ನು ಎಷ್ಟೇ ದುಬಾರಿ ಪ್ಲೇಯರಾದರೂ ಸಾಮಾನ್ಯವಾಗಿ ನಿಮಗೆ ತಿಳಿಸುವುದಿಲ್ಲ. ಅದಕ್ಕೆ ಒಂದೇ ಅವಕಾಶ, ಹಾಡು ಓಡುತ್ತಿರುವಾಗಲೇ ಓದಬೇಕು. ಫೈಲಿಗೆ ಇಳಿಸುವ ತಂತ್ರಾಂಶ ಕೆಟ್ಟ ಜಾಗವನ್ನು ಮತ್ತೆ ಮತ್ತೆ ಓದುತ್ತದೆ.

ಇಳಿಸುವ ಕ್ರಮ ಹೀಗಿದೆ. ವಿಂಡೋಸ್‌ನಲ್ಲಿ ಎಕ್ಸಾಕ್ಟ್ ಆಡಿಯೋ ಕಾಪಿ, ಮ್ಯಾಕ್‌ನಲ್ಲಿ ಎಕ್ಸ್‌ಎಲ್‌ಡಿ ಹಾಕಿಕೊಳ್ಳಿ. ಡ್ರೈವಿನ ಆಫ್‌ಸೆಟ್ ಪತ್ತೆ ಮಾಡಿಸಿ. ಡ್ರೈವಿನ ಮಾಡೆಲ್‌ಗೆ ತಕ್ಕಂತೆ ಓದು ಒಂದಷ್ಟು ಸ್ಯಾಂಪಲ್ ಮುಂದೋ ಹಿಂದೋ ಸರಿದಿರುತ್ತದೆ, ಆಫ್‌ಸೆಟ್ ಎಂದರೆ ಅದು. ಸುರಕ್ಷಿತ ಓದು ಆರಿಸಿ, ಅಕ್ಯುರೇಟ್‌ರಿಪ್ ತಾಳೆಯನ್ನು ಚಾಲೂ ಮಾಡಿ. ಅದೇ ಡಿಸ್ಕನ್ನು ಬೇರೆಯವರು ಇಳಿಸಿದಾಗ ಬಂದ ಚೆಕ್‌ಸಮ್ (ದತ್ತಾಂಶದಿಂದ ಲೆಕ್ಕಹಾಕಿದ ತಾಳೆಯ ಸಂಖ್ಯೆ) ನಿಮ್ಮದಕ್ಕೆ ಹೊಂದಿದರೆ ಓದು ಸರಿ, ಅಲ್ಲಿಗೆ ಮುಗಿಯಿತು. ಫ್ಲ್ಯಾಕ್ ಆಗಿ ಉಳಿಸಿ. ಏನೂ ನಷ್ಟವಾಗದೆ ಗಾತ್ರ ಸುಮಾರು ಅರ್ಧಕ್ಕೆ ಇಳಿಯುತ್ತದೆ. 74 ನಿಮಿಷದ ಡಿಸ್ಕ್ 783 ಮೆಗಾಬೈಟ್, ಹಾಗಾಗಿ 1,000 ಸಿಡಿಗಳು ಅರ್ಧ ಟೆರಾಬೈಟಿನೊಳಗೆ ಹಿಡಿಯುತ್ತವೆ. ಎರಡು ಪ್ರತಿ ಮಾಡಿ ಬೇರೆಬೇರೆ ಜಾಗದಲ್ಲಿಡಿ. ಪ್ರಿ-ಎಂಫಸಿಸ್ ಆಕ್ಷೇಪ ಸರಿಯಾದದ್ದೇ. ಹಳೆಯ ಡಿಸ್ಕುಗಳಿಗೆ ಸಬ್‌ಕೋಡ್ ಪರೀಕ್ಷೆ ಮಾಡಿಸಿ, ಗುರುತು ಸಿಕ್ಕರೆ ಸಾಕ್ಸ್ ತಂತ್ರಾಂಶದ ಡಿ-ಎಂಫಸಿಸ್ ಹಾಯಿಸಿ ಬೇರೊಂದು ಪ್ರತಿ ಮಾಡಿಕೊಂಡರೆ ಪರಿಹಾರವಾಯಿತು.

ಎಸ್‌ಎಸಿಡಿ ವಿಷಯದಲ್ಲಿ ವಾದ ಬೇಡ, ಅಲ್ಲಿ ಪ್ಲೇಯರ್ ಬೇಕು. ಆದರೆ ಅವುಗಳಲ್ಲಿ ಬಹುಪಾಲು ಹೈಬ್ರಿಡ್ ಡಿಸ್ಕುಗಳು, ಅವುಗಳ ಸಿಡಿ ಪದರ ಎಲ್ಲ ಡ್ರೈವಿಗೂ ಸಿಗುತ್ತದೆ.

ಕ್ಲಾಕ್ ಕುರಿತ ವಾದ ಎಸ್‌ಪಿಡಿಐಎಫ್‌ಗೆ ಮಾತ್ರ ಅನ್ವಯಿಸುತ್ತದೆ. ಇಂದಿನ ಅಸಿಂಕ್ರೊನಸ್ ಯುಎಸ್‌ಬಿ ಡ್ಯಾಕ್‌ನಲ್ಲಿ ಕ್ರಿಸ್ಟಲ್ ಇರುವುದು ಡ್ಯಾಕ್ ಒಳಗೇ. ಅದು ಕೇಳಿದಷ್ಟನ್ನು ಕಂಪ್ಯೂಟರ್ ಕಳಿಸುತ್ತದೆ. ಒಂದೇ ಪೆಟ್ಟಿಗೆಯ ಯಂತ್ರದಲ್ಲಿ ಮೋಟರು ಯಾರ ಮಾತು ಕೇಳುತ್ತದೋ ಇಲ್ಲಿ ಕಂಪ್ಯೂಟರ್ ಅವರ ಮಾತನ್ನೇ ಕೇಳುತ್ತದೆ.

ಡ್ಯಾಕ್ ದಾರಿಗೆ ಇನ್ನೊಂದು ದೊಡ್ಡ ಅನುಕೂಲವಿದೆ. 1990ರ ದಶಕದ ನಡುವಿನಿಂದ ಬಂದ ಬಹಳಷ್ಟು ಸಿಡಿಗಳನ್ನು ಗಟ್ಟಿಯಾಗಿ ಕೇಳಲೆಂದು ಗರಿಷ್ಠ ಮಟ್ಟಕ್ಕೆ ಒತ್ತಿ ಮುದ್ರಿಸಲಾಗಿದೆ. ಮಾದರಿಗಳು ಮಿತಿಯೊಳಗೇ ಇದ್ದರೂ ಎರಡು ಮಾದರಿಗಳ ನಡುವಿನ ಅಲೆ ಮಿತಿ ದಾಟಿ ಏರುತ್ತದೆ, ಕೆಲವೊಮ್ಮೆ 3 ಡೆಸಿಬಲ್‌ವರೆಗೂ. ಪರಿವರ್ತಕದ ಓವರ್‌ಸ್ಯಾಂಪ್ಲಿಂಗ್ ಫಿಲ್ಟರಿಗೆ (ಮಾದರಿಗಳ ನಡುವಿನ ಬಿಂದುಗಳನ್ನು ಲೆಕ್ಕಹಾಕಿ ತುಂಬುವ ಭಾಗಕ್ಕೆ) ಅಷ್ಟು ಜಾಗ ಬಿಟ್ಟಿರದಿದ್ದರೆ ಅಲೆಯ ತಲೆ ಕತ್ತರಿಸಿಹೋಗುತ್ತದೆ; ತಾಳವಾದ್ಯದ ಪೆಟ್ಟಿನಲ್ಲಿ ಒರಟುತನ ಕೇಳುತ್ತದೆ. ಫೈಲ್ ನುಡಿಸುವ ತಂತ್ರಾಂಶದಲ್ಲಿ ಧ್ವನಿಯನ್ನು 3 ಡೆಸಿಬಲ್ ತಗ್ಗಿಸಿ, ಡ್ಯಾಕ್‌ಗೆ 24 ಬಿಟ್ ಆಗಿ ಕಳಿಸಿ, ಉಳಿದದ್ದನ್ನು ಆಂಪ್ಲಿಫೈಯರಿನಲ್ಲಿ ಏರಿಸಿಕೊಂಡರೆ ಆ ತೊಂದರೆಯೇ ಇಲ್ಲ. ಹೆಚ್ಚಿನ ಸಿಡಿ ಪ್ಲೇಯರುಗಳಲ್ಲಿ ಈ ಅವಕಾಶವಿಲ್ಲ.

ಡ್ಯಾಕ್ ದಾರಿಯಲ್ಲೂ ಕೆಡುವ ಜಾಗಗಳಿವೆ. ಸಿಡಿ ಫೈಲ್ ನುಡಿಯುವಾಗ ಡ್ಯಾಕ್ ಪರದೆಯಲ್ಲಿ 44.1ರ ಬದಲು 48 ಕಂಡರೆ ಕಂಪ್ಯೂಟರಿನ ಮಿಕ್ಸರ್ ನಡುವೆ ಕೈಹಾಕಿದೆ; ವಿಂಡೋಸ್‌ನಲ್ಲಿ ನುಡಿಸುವ ತಂತ್ರಾಂಶದಲ್ಲಿ ವಾಸಾಪಿ ಎಕ್ಸ್‌ಕ್ಲೂಸಿವ್ ಇಲ್ಲವೇ ಎಎಸ್‌ಐಒ (ಮಿಕ್ಸರನ್ನು ದಾಟಿ ಡ್ಯಾಕ್‌ಗೆ ನೇರ ಕಳಿಸುವ ದಾರಿಗಳು) ಆರಿಸಿ. ಸ್ಪೀಕರಿನಲ್ಲಿ ಗುಂಯ್‌ಗುಡುವಿಕೆ ಇದ್ದರೆ ಯುಎಸ್‌ಬಿ ಕೇಬಲ್ ಕೀಳಿ. ನಿಂತರೆ ಅದು ಗ್ರೌಂಡ್ ಲೂಪ್, ಅಂದರೆ ಯಂತ್ರಗಳ ಗ್ರೌಂಡ್ ತಂತಿಗಳು ಸುತ್ತಾಗಿ ಜೋಡಿಯಾಗಿ ಹುಟ್ಟುವ ಸದ್ದು. ಆಪ್ಟಿಕಲ್ ಕೇಬಲ್ ಬಳಸಿದರೆ ಎರಡು ಯಂತ್ರಗಳ ನಡುವೆ ವಿದ್ಯುತ್ ಸಂಪರ್ಕವೇ ಇರದು. ಓವರ್‌ಸ್ಯಾಂಪ್ಲಿಂಗ್ ಇಲ್ಲದ ಡ್ಯಾಕ್‌ಗಳನ್ನು ‘ಅನಲಾಗಿನಂಥ ಧ್ವನಿ’ ಎಂದು ಮಾರುತ್ತಾರೆ. ಸಿಡಿ ನುಡಿಸುವಾಗ ಅವುಗಳಲ್ಲಿ 20 ಕಿಲೋಹರ್ಟ್ಸ್ ಹೊತ್ತಿಗೆ ಸುಮಾರು 3 ಡೆಸಿಬಲ್ ಕುಸಿತವಿರುತ್ತದೆ, ಆ ಮೆದುತನದ ಒಂದು ಕಾರಣ ಅದು. ತಿಳಿದು ಕೊಂಡರೆ ಅಡ್ಡಿಯಿಲ್ಲ.

ಎಷ್ಟು ಒಳ್ಳೆಯ ಡ್ಯಾಕ್ ಬೇಕು? 16 ಬಿಟ್‌ನ ವ್ಯಾಪ್ತಿ ಸುಮಾರು 98 ಡೆಸಿಬಲ್. ಅಳತೆಯಲ್ಲಿ 110 ದಾಟುವ ಡ್ಯಾಕ್ ಸಿಡಿಯಲ್ಲಿರುವುದನ್ನೆಲ್ಲ ಕೊಡುತ್ತದೆ, ಮತ್ತು ಅಂಥವು ಇಂದು ದುಬಾರಿಯಲ್ಲ. ಅದರಾಚೆಗಿನ ಅಂಕಿಗಳಿಗೆ ಹಣ ಕೊಡುವ ಮೊದಲು ಕಿವಿಯಿಂದಲೇ ಪರೀಕ್ಷಿಸಿ, ಆದರೆ ಸರಿಯಾಗಿ ಪರೀಕ್ಷಿಸಿ. ಪ್ಲೇಯರಿನ ಅನಲಾಗ್ ಔಟ್‌ಪುಟ್ ಆಂಪ್ಲಿಫೈಯರಿನ ಒಂದು ಇನ್‌ಪುಟ್‌ಗೆ. ಅದೇ ಪ್ಲೇಯರಿನ ಡಿಜಿಟಲ್ ಔಟ್‌ಪುಟ್ ಡ್ಯಾಕ್ ಮೂಲಕ ಇನ್ನೊಂದಕ್ಕೆ. ಸಿಡಿ ಪ್ಲೇಯರುಗಳು ಸಾಮಾನ್ಯವಾಗಿ 2 ವೋಲ್ಟ್ ಕೊಡುತ್ತವೆ, ಎಷ್ಟೋ ಡ್ಯಾಕ್‌ಗಳ ಬ್ಯಾಲೆನ್ಸ್ಡ್ ಔಟ್‌ಪುಟ್ 4 ವೋಲ್ಟ್, ಅಂದರೆ 6 ಡೆಸಿಬಲ್ ಜೋರು. ಜೋರಾಗಿರುವುದೇ ಕಿವಿಗೆ ಚೆನ್ನಾಗಿ ಕೇಳುತ್ತದೆ. ಆದ್ದರಿಂದ 1 ಕಿಲೋಹರ್ಟ್ಸ್ ಪರೀಕ್ಷಾ ಸ್ವರ ಹಾಕಿ, ಸ್ಪೀಕರ್ ತುದಿಗಳಲ್ಲಿ ಮಲ್ಟಿಮೀಟರಿನಿಂದ ಎಸಿ ವೋಲ್ಟೇಜ್ ಅಳೆದು ಎರಡನ್ನೂ ಸಮ ಮಾಡಿ. 0.1 ಡೆಸಿಬಲ್ ಎಂದರೆ ಶೇ 1.2 ವ್ಯತ್ಯಾಸ: ಒಂದು 2.00 ವೋಲ್ಟ್ ತೋರಿಸಿದರೆ ಇನ್ನೊಂದು 2.02 ದಾಟಬಾರದು. ಬಳಿಕ ಕೇಳುವವರಿಗೆ ಕಾಣದಂತೆ ಬೇರೊಬ್ಬರು ಬದಲಾಯಿಸಲಿ. ಬದಲಾಯಿಸುವಾಗ ಒಂದೆರಡು ಸೆಕೆಂಡು ಮೌನವಿರಲಿ. ಡ್ಯಾಕ್ ಕೆಲವು ಮಿಲಿಸೆಕೆಂಡು ತಡವಾಗಿ ನುಡಿಯುವುದರಿಂದ ತಾಳದ ತಡವರಿಕೆಯೇ ಗುಟ್ಟು ಬಿಟ್ಟುಕೊಡುತ್ತದೆ. 16 ಸಲದಲ್ಲಿ 12 ಸಲ ಸರಿಯಾಗಿ ಗುರುತಿಸಿದರೆ ವ್ಯತ್ಯಾಸವಿದೆ ಎನ್ನಬಹುದು. ಬರಿಯ ಊಹೆಯಿಂದ ಅಷ್ಟು ಅಥವಾ ಹೆಚ್ಚು ಸರಿಯಾಗುವ ಸಾಧ್ಯತೆ ಶೇ 4ಕ್ಕಿಂತ ಕಡಿಮೆ.

ಡಿಸ್ಕನ್ನೇ ಹಾಕಿ ಕೇಳುವ ಆಸೆ ಇದ್ದರೆ ಮನೆಯಲ್ಲಿರುವ ಹಳೆಯ ಸಿಡಿ ಅಥವಾ ಡಿವಿಡಿ ಪ್ಲೇಯರಿನ ಹಿಂಬದಿ ನೋಡಿ. ಕೋಆಕ್ಸಿಯಲ್ ಅಥವಾ ಆಪ್ಟಿಕಲ್ ಕಿಂಡಿ ಇದ್ದರೆ ಅದೇ ನಿಮ್ಮ ಟ್ರಾನ್ಸ್‌ಪೋರ್ಟ್. ಕೋಆಕ್ಸಿಯಲ್‌ಗೆ ಬೇಕಾದದ್ದು 75 ಓಮ್ ಕೇಬಲ್. ಟಿವಿಗೆ ವಿಡಿಯೋ ಕಳಿಸಲು ಬಳಸುತ್ತಿದ್ದ ಹಳದಿ ತುದಿಯ ಆರ್‌ಸಿಎ ಕೇಬಲ್ ಆ ಅಳತೆಗೆಂದೇ ಮಾಡಿದ್ದು, ಅದನ್ನೇ ಹಾಕಬಹುದು.